ಗಾಲಿಗೂ ಬೆರಳಿಗೂ ನಡುವೆ

ನಾನು ಜಾಲಿಮರದ ಒಂದು ಬೆಣೆ. ಗೇಣುದ್ದ ಇದ್ದೇನೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಇಳಿಜಾರಿನಲ್ಲಿ ನಿಲ್ಲಿಸಿದ ವಾಹನ ಹಿಂದಕ್ಕೆ ಜಾರದಂತೆ ಗಾಲಿಗೆ ಅಡ್ಡವಾಗಿ ನನ್ನನ್ನು ಇಡುತ್ತಾರೆ. ನೆಲದ ಮೇಲೆ ಬಾಳಿದವನಾದ್ದರಿಂದ ಮನುಷ್ಯರ ಮುಖಗಳನ್ನು ನಾನು ಹೆಚ್ಚು ಕಂಡಿಲ್ಲ. ಅವರ ಚಪ್ಪಲಿಗಳನ್ನು ಬಲ್ಲೆ, ಸೀರೆಯ ಅಂಚುಗಳನ್ನು ಬಲ್ಲೆ. ಒಬ್ಬ ಹೆಣ್ಣುಮಗಳ ಬೆರಳುಗಳನ್ನು ಎಲ್ಲಕ್ಕಿಂತ ಚೆನ್ನಾಗಿ ಬಲ್ಲೆ.

ತುಮಕೂರಿನಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ವೀರಭದ್ರಾಚಾರ್ಯರ ಅಂಗಳದಲ್ಲಿ ನನ್ನ ಜನನವಾಯಿತು. ಗಾಡಿಯ ಅಚ್ಚಿಗೆಂದು ತಂದ ಮರದಲ್ಲಿ ಉಳಿದ ತುಂಡು ನಾನು. ಬಾಬಾಜಾನ್ ಸಾಹೇಬರೆಂಬ ಲಾರಿ ಚಾಲಕರು ಕೇಳಿದ್ದರಿಂದ ಆಚಾರ್ಯರು ನನ್ನ ಒಂದು ಮೈಯನ್ನು ಗಾಲಿಯ ದುಂಡಿಗೆ ಹೊಂದುವಂತೆ ಕೆತ್ತಿದರು. ದಪ್ಪ ತುದಿಗೆ ಕಬ್ಬಿಣದ ಬಳೆಯೊಂದನ್ನು ಬಡಿದರು. ಸಾಹೇಬರು ಆ ಬಳೆಗೆ ಎರಡು ಮಾರು ಹಗ್ಗವನ್ನು ಕಟ್ಟಿದರು.

ಸಾಹೇಬರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರಂಥ ಶಿಸ್ತಿನ ಮನುಷ್ಯರನ್ನು ನಾನು ಮತ್ತೆ ಕಾಣಲಿಲ್ಲ. ಅವರ ಲಾರಿಯಲ್ಲಿ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನವೇ ಪಾಠವಾಗುತ್ತಿತ್ತು. "ಮೊದ್ಲು ಬ್ರೇಕು, ಆಮೇಲೆ ಗೇರು, ಕೊನೇಗೆ ಇದು. ಇದು ಬ್ರೇಕಲ್ಲ, ಬ್ರೇಕಿನ ತಮ್ಮ. ಎಳೆಯೋದು ಹಗ್ಗದಿಂದ. ಗಾಲಿ ಕೆಳಗೆ ಕೈ ಇಟ್ಟವನಿಗೆ ನನ್ನ ಲಾರೀಲಿ ಕೆಲಸ ಇಲ್ಲ." ಹೊರಡುವಾಗ ಕಲ್ಲನ್ನೋ ಕಟ್ಟಿಗೆಯನ್ನೋ ರಸ್ತೆಯಲ್ಲೇ ಬಿಟ್ಟುಹೋಗುವ ಚಾಲಕರನ್ನು ಕಂಡರೆ ಅವರು ಲಾರಿ ನಿಲ್ಲಿಸಿ, ಇಳಿದು, ಆ ಕಲ್ಲನ್ನು ಪಕ್ಕಕ್ಕೆ ಸರಿಸಿಯೇ ಮುಂದೆ ಹೋಗುತ್ತಿದ್ದರು. ಹನ್ನೊಂದು ವರ್ಷ ಅವರಲ್ಲಿದ್ದೆ. ಹತ್ತು ಟನ್ ತೆಂಗಿನಕಾಯಿಯ ಭಾರ ನನ್ನ ಮೇಲೆ ಒರಗಿದಾಗಲೂ ನನಗೆ ಭಯವಾಗಲಿಲ್ಲ. ಭಯವೆಂದರೇನೆಂದು ನನಗೆ ತಿಳಿದದ್ದು ಒಂದು ಸುಸಂಸ್ಕೃತ ಕುಟುಂಬದ ವಿಹಾರಕ್ಕೆಂದು ಹೊರಟ ಚಿಕ್ಕ ಕಾರಿನ ಕೆಳಗೆ.

ಆ ಕಾರು ತೋಂಟದಾರ್ಯರದು. ಅವರು ಔಷಧದ ಅಂಗಡಿ ಇಟ್ಟಿದ್ದರು. ಸಾಹೇಬರು ಲಾರಿ ಮಾರಿ ಮನೆಯಲ್ಲಿ ಕುಳಿತ ಮೇಲೆ ರಕ್ತದೊತ್ತಡದ ಮಾತ್ರೆಗೆ ಅಲ್ಲಿಗೆ ಹೋಗುತ್ತಿದ್ದರು. ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲವೆಂದು ತೋಂಟದಾರ್ಯರು ಒಂದು ದಿನ ನಗುತ್ತ ಹೇಳಿದ್ದನ್ನು ಕೇಳಿ, ಮರುದಿನ ನನ್ನನ್ನು ತಂದು ಅಂಗಡಿಯ ಮೆಟ್ಟಿಲ ಮೇಲಿಟ್ಟರು.

"ಇಟ್ಕೊಳ್ಳಿ ಸ್ವಾಮಿ. ಬ್ರೇಕ್ ಮಾಡಿಸೋ ತನಕ ಮಾತ್ರ. ಒಂದು ವಾರ ಅಂದ್ಕೊಳ್ಳಿ."

"ಆಗ್ಲಿ ಬಿಡಿ ಸಾಬ್ರೆ. ನಾವೇನು ತೆಂಗಿನಕಾಯಿ ಲೋಡ್ ಹೊಡೀತೀವಾ?"

ಆ ಒಂದು ವಾರ ನಾಲ್ಕು ವರ್ಷವಾಯಿತು. ನಾನು ಇದ್ದೆನೆಂಬ ಒಂದೇ ಕಾರಣಕ್ಕೆ ಬ್ರೇಕು ದುರಸ್ತಿಯಾಗಲಿಲ್ಲ. ಇದನ್ನು ಹೇಳುವಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ತೋಂಟದಾರ್ಯರು ಕೆಟ್ಟವರೆಂದು ಯಾರೂ ತಿಳಿಯಬಾರದು. ಮನೆಯಲ್ಲಿ ತಾಯಿ ಹಾಲಮ್ಮ, ಹೆಂಡತಿ ಸರ್ವಮಂಗಳ, ಶಾಲೆಗೆ ಹೋಗುವ ಮಗಳು ಶಶಿಕಲಾ ಇದ್ದರು. ಎಲ್ಲರನ್ನೂ ಅವರು ಪ್ರೀತಿಸುತ್ತಿದ್ದರು. ಡಿಸೆಂಬರಿನಲ್ಲಿ ಶಾಲೆಗೆ ಕ್ರಿಸ್‌ಮಸ್ ರಜೆ ಬಂದೊಡನೆ ಅವರು ಅಂಗಡಿಗೆ ಒಂದು ದಿನ ಬೀಗ ಹಾಕಿ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು. ದೂರದ ಊರುಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. "ಒಂದು ಗಂಟೆ ದಾರೀಲಿ ಇಷ್ಟು ಬೆಟ್ಟ ಇರೋವಾಗ ಊಟಿಗೆ ಹೋಗಿ ಚಳೀಲಿ ನಡುಗೋದು ಯಾಕೆ?" ಎನ್ನುತ್ತಿದ್ದರು. ಪುಳಿಯೋಗರೆಯ ಡಬ್ಬಿ, ಮೊಸರನ್ನದ ಡಬ್ಬಿ, ಹಾಲಮ್ಮನವರ ಕಂಬಳಿ, ಶಶಿಕಲಾಳ ಮಂಕಿ ಟೋಪಿ ಎಲ್ಲವೂ ಹಿಂದಿನ ದಿನವೇ ಸಿದ್ಧ. ಹೊರಡುವ ಮುನ್ನ ನಾಲ್ಕು ಗಾಲಿಗಳಡಿ ನಾಲ್ಕು ನಿಂಬೆಹಣ್ಣು. ಒಂದು ವರ್ಷವೂ ನಿಂಬೆಹಣ್ಣು ಮರೆತುಹೋಗಲಿಲ್ಲ. ಮರೆತುಹೋದದ್ದು ಬ್ರೇಕಿನ ತಂತಿಯೊಂದೇ. ಯಾರಾದರೂ ನೆನಪಿಸಿದರೆ ಅವರ ಉತ್ತರ, "ಇಲ್ಲೇ ಹತ್ತಿರ ತಾನೆ!"

ಹತ್ತಿರದ ಊರಿಗೆ ಹೋಗುವ ಇಳಿಜಾರು ಕಡಿಮೆ ಜಾರುತ್ತದೆಯೇ? ಮನೆಗೆ ಒಂದು ಗಂಟೆಯ ದೂರದಲ್ಲಿ ಉರುಳಿದ ಗಾಲಿ ಕೈಯ ಮೇಲೆ ಮೆಲ್ಲಗೆ ಹರಿಯುತ್ತದೆಯೇ? ಓದಿದವರು ಹೀಗೆ ಯೋಚಿಸುವುದನ್ನು ನಾನು ಇಂದಿಗೂ ಕ್ಷಮಿಸಲಾರೆ.

ಮೊದಲ ವರ್ಷವೇ ನನ್ನ ಹಗ್ಗ ಹೋಯಿತು. ಕಾರಿನ ಮೇಲೆ ಜಮಖಾನೆ ಕಟ್ಟಲು ಹಗ್ಗ ಸಾಲದಾದಾಗ ತೋಂಟದಾರ್ಯರು ನನ್ನ ಬಳೆಯಿಂದ ಅದನ್ನು ಬಿಚ್ಚಿದರು. ಅಂದಿನಿಂದ ನನ್ನನ್ನು ಗಾಲಿಯ ಕೆಳಗಿಡಲು ಒಂದು ಕೈ ಬೇಕಾಯಿತು, ತೆಗೆಯಲೂ ಒಂದು ಕೈ ಬೇಕಾಯಿತು. ಚಾಲಕನ ಸ್ಥಾನದಲ್ಲಿ ಕುಳಿತವರು ಇಳಿಯುವಂತಿಲ್ಲ, ಹಾಲಮ್ಮನವರಿಗೆ ಮಂಡಿನೋವು. ಆದ್ದರಿಂದ ಆ ಕೈ ಸರ್ವಮಂಗಳಳದಾಯಿತು. ಯಾರೂ ಆಕೆಯನ್ನು ಕೇಳಲಿಲ್ಲ. ಮನೆಯ ಎಷ್ಟೋ ಕೆಲಸಗಳು ಹೆಂಗಸರ ಪಾಲಿಗೆ ಬರುವುದು ಹೀಗೆಯೇ.

ಬೆಟ್ಟದ ಏರಿನಲ್ಲಿ ಕಾರು ನಿಂತಾಗ ನನ್ನನ್ನು ಇಡುವುದು ಸುಲಭ. ಭಯವೆಲ್ಲ ಹೊರಡುವಾಗ. ಏರಿನಲ್ಲಿ ಗಾಡಿ ಹೊರಡಬೇಕಾದರೆ ಚಾಲಕನು ಬ್ರೇಕಿನ ಮೇಲಿನ ಕಾಲನ್ನು ತೆಗೆದು ಪಕ್ಕದ ಆಕ್ಸಿಲರೇಟರಿಗೆ ಹಾಕಬೇಕು. ಹ್ಯಾಂಡ್‌ಬ್ರೇಕ್ ಇಲ್ಲದ ಗಾಡಿಗೆ ಆ ಒಂದು ಕ್ಷಣ ಯಾವ ಹಿಡಿತವೂ ಇರುವುದಿಲ್ಲ. ಅದರ ತೂಕವೆಲ್ಲ ಹಿಂದಕ್ಕೆ ಬಂದು ನನ್ನ ಮೇಲೆ ಕೂರುತ್ತದೆ. ಮರುಕ್ಷಣ ಗಾಡಿ ನಾಲ್ಕು ಬೆರಳಿನಷ್ಟು ಮುಂದೆ ಸರಿಯುತ್ತದೆ. ಆಗ ಸರ್ವಮಂಗಳ ಗಾಲಿಯ ಹಿಂದೆ ಮಂಡಿಯೂರಿ ನನ್ನನ್ನು ಸೆಳೆದುಕೊಳ್ಳಬೇಕು. ಗಾಡಿಯ ಎಂಜಿನ್ ಆಗ ನಿಂತುಹೋದರೆ? ಚಾಲಕನ ಕಾಲು ತಪ್ಪಿದರೆ? ಹಿಂದಕ್ಕೆ ಉರುಳುವ ಗಾಲಿಯು ಬೆಣೆ ಯಾವುದು, ಬೆರಳು ಯಾವುದು ಎಂದು ನೋಡುವುದಿಲ್ಲ.

"ತೆಗೆದ್ಯಾ?" ಎಂದು ಮುಂದಿನಿಂದ ಕೂಗು ಬರುತ್ತಿತ್ತು.

"ತಡೀರಿ!"

"ಬೇಗ ತೆಗಿಯೇ, ಹಿಂದೆ ಬಸ್ಸು ಬಂತು!"

ಆಕೆಯ ಬೆರಳುಗಳು ನನ್ನನ್ನು ಮುಟ್ಟಿದಾಗ ತಣ್ಣಗಿರುತ್ತಿದ್ದವು. ಅದು ಚಳಿಯಿಂದಲ್ಲವೆಂದು ನನಗೆ ತಿಳಿದಿತ್ತು. ಏಕೆಂದರೆ ನನ್ನನ್ನು ಎತ್ತಿ ಕಾರಿನೊಳಗೆ ಕುಳಿತ ಮೇಲೆ ಆ ಬೆರಳುಗಳು ಬಹಳ ದೂರದವರೆಗೆ ನನ್ನ ಬಳೆಯನ್ನು ಬಿಡುತ್ತಿರಲಿಲ್ಲ. ಆಕೆ ನನ್ನನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿರುತ್ತಿದ್ದಳು. ಮುಂದೆ ಕ್ಯಾಸೆಟ್ಟಿನ ಹಾಡಿಗೆ ತೋಂಟದಾರ್ಯರು ತಾಳ ಹಾಕುತ್ತಿದ್ದರು.

ಎರಡನೆಯ ವರ್ಷ ಶಿವಗಂಗೆಯಿಂದ ಬಂದ ಸಂಜೆ ಆಕೆ ಬಾಯಿಬಿಟ್ಟು ಕೇಳಿದಳು. "ರೀ, ಬ್ರೇಕ್ ಮಾಡಿಸಿಬಿಡಿ. ನನಗೆ ಹೆದರಿಕೆ ಆಗುತ್ತೆ."

"ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ ನಿಂಗೆ? ವರ್ಷಕ್ಕೊಂದು ಸಲ ಬೆಟ್ಟ ಹತ್ತೋದಕ್ಕೆ ಗಾಡಿ ಬಿಚ್ಚಿಸಬೇಕಾ?"

ಮೂರನೆಯ ವರ್ಷ ಸಿದ್ಧರಬೆಟ್ಟದ ದಾರಿಯಲ್ಲಿ ನಾನು ಹೆದರಿದ್ದ ಸಂಗತಿಯೇ ನಡೆಯಿತು. ಆಕೆಯ ಕೈ ನನ್ನ ಬಳೆಯನ್ನು ಹಿಡಿದಿತ್ತು. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಗಾಲಿ ಹಿಂದಕ್ಕೆ ಬಂತು. ಜಲ್ಲಿಕಲ್ಲುಗಳು ಕರಕರನೆ ಪುಡಿಯಾಗುವ ಸದ್ದು ಕೇಳಿದೆ. ನನ್ನ ಎಲ್ಲ ಬಲವನ್ನೂ ನೆಲಕ್ಕೆ ಊರಿ ನಿಂತೆ. ಆದರೂ ಎರಡು ಅಂಗುಲ ಜಾರಿದೆ. ಆಕೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದಳು, ಸೀರೆಯ ಅಂಚು ಮಾತ್ರ ಗಾಲಿಗೂ ನನಗೂ ನಡುವೆ ಸಿಕ್ಕಿಬಿತ್ತು. ಆಕೆ ಕೂಗಲಿಲ್ಲ. ಅತ್ತೆ ಗಾಬರಿಯಾದಾರು, ಮಗಳ ರಜೆಯ ದಿನ ಹಾಳಾದೀತು ಎಂದು ತುಟಿ ಕಚ್ಚಿ, ಸೀರೆಯನ್ನು ತಾನೇ ಹರಿದುಕೊಂಡು ಎದ್ದಳು.

ತುಟಿ ಕಚ್ಚಿದ್ದು ಒಳ್ಳೆಯತನವೆಂದು ಲೋಕ ಹೊಗಳೀತು. ನಾನು ಹೊಗಳಲಾರೆ. ಅಂದು ಆಕೆ ಕೂಗಬೇಕಿತ್ತು.

ಮನೆಗೆ ಬಂದ ಮೇಲೆ ಹಾಲಮ್ಮನವರು ಹರಿದ ಅಂಚನ್ನು ಕಂಡರು. "ಸೀರೆ ಯಾಕವ್ವ ಹರ್ಕಂಡೆ? ಮುಳ್ಳಿಗೆ ಸಿಗಾಕಂತಾ?"

"ಹೂಂ ಅತ್ತೆ, ಮುಳ್ಳಿಗೆ."

ಆ ಒಂದು ವರ್ಷ ನಾನು ಕಾರಿನ ಡಿಕ್ಕಿಯಲ್ಲಿ ಕತ್ತಲೆಯಲ್ಲಿ ಬಿದ್ದುಕೊಂಡು ಡಿಸೆಂಬರಿಗೆ ಹೆದರುತ್ತಿದ್ದೆ. ನನ್ನ ಅಡಿಯ ಅಂಚು ಸವೆದಿತ್ತು. ತೆಳುತುದಿಯಲ್ಲಿ ಸೀಳು ಬಂದಿತ್ತು. ಮುಂದಿನ ಸಲ ಎರಡು ಅಂಗುಲವಲ್ಲ, ಪೂರ್ತಿ ಜಾರುತ್ತೇನೆಂದು ನನಗೆ ನಿಶ್ಚಯವಾಗಿತ್ತು. ಹೇಳೋಣವೆಂದರೆ ನನಗೆ ಬಾಯಿಲ್ಲ.

ನಾಲ್ಕನೆಯ ವರ್ಷ ದೇವರಾಯನದುರ್ಗ. ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಹೆಜ್ಜೆಯಾಚೆಗಿನ ಬಂಡೆ ಕಾಣುತ್ತಿರಲಿಲ್ಲ. ರಸ್ತೆಯ ಏರಿನಲ್ಲಿ ಕಾರು ನಿಲ್ಲಿಸಿ, ನನ್ನನ್ನು ಇರಿಸಿ, ಎಲ್ಲರೂ ಪಕ್ಕದ ಕಟ್ಟೆಯ ಮೇಲೆ, ಬೆಟ್ಟಕ್ಕೆ ಬಂದ ಇತರರ ನಡುವೆ ಕುಳಿತು ತಿಂಡಿ ತಿಂದರು. ನನ್ನ ಕೆಳಗೆ ರಸ್ತೆ ಒದ್ದೆಯಾಗಿತ್ತು. ಗಾಲಿ ನನ್ನ ಮೇಲೆ ಒರಗಿದಂತೆಲ್ಲ ನಾನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಹಿಂದೆ ಸರಿಯುತ್ತಿದ್ದೆ. ಯಾರೂ ಗಮನಿಸಲಿಲ್ಲ. ಹೊರಡುವ ಸಮಯವಾಯಿತು. ತಾಯಿಯನ್ನೂ ಮಗಳನ್ನೂ ಒಳಗೆ ಕೂರಿಸಿ ತೋಂಟದಾರ್ಯರು ಚಾಲಕನ ಸ್ಥಾನಕ್ಕೆ ಹೋದರು.

ಸರ್ವಮಂಗಳ ಬಂದು ಮಂಡಿಯೂರಿದಳು. ಒದ್ದೆ ರಸ್ತೆಯ ಮೇಲೆ ನಾನು ಜಾರಿಬಂದ ಗುರುತನ್ನು ಕಂಡಳು. ಬೆರಳಿಟ್ಟು ನೋಡಿದಳು. ನಂತರ ಎದ್ದು ನಿಂತಳು.

"ತೆಗೆದ್ಯಾ?"

"ಇಲ್ಲ. ತೆಗೆಯಲ್ಲ."

"ಏನಂದೆ?"

ಆಕೆ ಹಿಂದಿನ ಬಾಗಿಲು ತೆರೆದಳು. "ಅತ್ತೆ, ಇಳೀರಿ. ಶಶಿ, ಅಜ್ಜಿ ಕೈ ಹಿಡ್ಕೊಂಡು ಆ ಕಟ್ಟೆ ಹತ್ರ ಕೂತ್ಕೋ." ಇಬ್ಬರೂ ಕ್ಷೇಮವಾಗಿ ದೂರ ಕುಳಿತ ಮೇಲೆ ಗಂಡನ ಕಡೆಯ ಬಾಗಿಲಿಗೆ ಬಂದಳು. "ನೀವೂ ಇಳೀರಿ. ಬ್ರೇಕ್ ನಾನು ಒತ್ಕೊಂಡು ಕೂರ್ತೀನಿ. ಇವತ್ತು ತುಂಡು ನೀವು ತೆಗೀರಿ."

"ತಲೆ ಕೆಟ್ಟಿದ್ಯಾ? ನಿಂಗೆ ಗಾಡಿ ಓಡ್ಸಕ್ಕೆ ಬರಲ್ಲ!"

"ಓಡ್ಸಲ್ಲ. ಒತ್ಕೊಂಡಿರ್ತೀನಿ ಅಷ್ಟೆ. ನೀವು ಕೈ ಹಾಕಿ."

"ಜನ ನೋಡ್ತಾ ಇದ್ದಾರೆ ಮಂಗಳಾ."

"ನಾನು ಮಂಡಿ ಊರಿದಾಗಲೂ ನೋಡ್ತಿದ್ರು."

ಕಟ್ಟೆಯಿಂದ ಹಾಲಮ್ಮನವರ ದನಿ ಬಂತು. "ಇಳಿಯೋ ತೋಂಟ. ಒಂದು ಕಟ್ಟಿಗೆ ತೆಗೆಯಾಕೆ ಎಷ್ಟೊತ್ತು?"

ತೋಂಟದಾರ್ಯರು ಇಳಿದರು. ಆಕೆ ಒಳಗೆ ಕುಳಿತು ಎರಡೂ ಪಾದಗಳಿಂದ ಬ್ರೇಕನ್ನು ಒತ್ತಿದಳು. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ತೋಂಟದಾರ್ಯರ ಮುಖ ನನ್ನೆದುರಿಗೆ ಬಂತು. ಅವರು ನಗುತ್ತಲೇ ಮಂಡಿಯೂರಿದರು. ಪಂಚೆಗೆ ಕೆಸರಾಗದಂತೆ ಮಡಿಚಿಕೊಂಡರು. ಕೈ ಚಾಚಿದರು. ಆಗ ಕಾರಿನ ಕಬ್ಬಿಣ ಎಲ್ಲೋ 'ಕಿರ್' ಎಂದಿತು.

ಕೈ ಹಿಂದಕ್ಕೆ ಹೋಯಿತು.

ಮತ್ತೆ ಚಾಚಿದರು. ಈ ಸಲ ನನ್ನ ಬಳೆಯವರೆಗೂ ಬಂದ ಬೆರಳುಗಳು ಅಲ್ಲಿಯೇ ನಿಂತವು. ತಲೆಯ ಮೇಲೆ ಗಾಲಿ, ಅದರ ಮೇಲೆ ಇಡೀ ಕಾರು, ಅದರ ಹಿಂದೆ ಮಂಜಿನಲ್ಲಿ ಕಾಣದ ಇಳಿಜಾರು. ಅವರ ಉಸಿರು ನನ್ನ ಮೇಲೆ ಬೀಳುತ್ತಿತ್ತು. ನಗು ಹೋಗಿತ್ತು.

"ಮಂಗಳಾ, ಕಾಲು ಬ್ರೇಕ್ ಮೇಲೆ ಇದೆ ತಾನೆ?"

"ಇದೆ."

"ಗಟ್ಟಿಯಾಗಿ?"

"ಗಟ್ಟಿಯಾಗಿ ಇದೆ ರೀ."

ಅವರು ಮೂರನೆಯ ಸಲ ಕೈ ಚಾಚಲಿಲ್ಲ. ಒದ್ದೆ ರಸ್ತೆಯ ಮೇಲೆ ಹಾಗೆಯೇ ಕುಳಿತರು. ಪಂಚೆ ಕೆಸರಾಯಿತು. ಆಮೇಲೆ ಎದ್ದು ಹೆಂಡತಿಯ ಕಿಟಕಿಯ ಬಳಿ ಹೋಗಿ ಹೇಳಿದ ಮಾತು ನನಗೆ ಕೇಳಿಸಿತು. "ಪ್ರತಿ ಸಲ ಹೀಗೇ ಇರ್ತಿತ್ತಾ?"

ಆಕೆಯ ಎರಡೂ ಪಾದಗಳು ಬ್ರೇಕಿನ ಮೇಲೆಯೇ ಇದ್ದವು.

ರಸ್ತೆಯ ಬದಿಯಲ್ಲಿದ್ದ ದೊಡ್ಡ ಕಲ್ಲುಗಳೆರಡನ್ನು ಉರುಳಿಸಿ ತಂದು, ಕಾಲಿನಿಂದ ತಳ್ಳಿ ಗಾಲಿಗಳಿಗೆ ಅಡ್ಡವಿಟ್ಟ ಮೇಲೆ ಅವರು ಆಕೆಯನ್ನು ಇಳಿಸಿದರು. ಬರುತ್ತಿದ್ದ ಬಸ್ಸನ್ನು ಹತ್ತಿ ತುಮಕೂರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸಾದಿಕ್ ಎಂಬ ಮೆಕ್ಯಾನಿಕ್‌ನನ್ನು ಹೊಸ ತಂತಿಯೊಂದಿಗೆ ಕರೆತಂದರು. ವಿಹಾರವೆಲ್ಲ ಆ ಕಟ್ಟೆಯ ಮೇಲೆಯೇ ಮುಗಿಯಿತು. ದುರಸ್ತಿಗೆ ಹಿಡಿದದ್ದು ಮುಕ್ಕಾಲು ಗಂಟೆ. ನಾಲ್ಕು ವರ್ಷಗಳ ನಡುಕಕ್ಕೆ ಮುಕ್ಕಾಲು ಗಂಟೆಯ ಔಷಧ! ದಿನವಿಡೀ ಔಷಧ ಮಾರುವವರಿಗೆ ಅದು ತಿಳಿಯದೆ ಹೋಯಿತಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು.

ಸಾದಿಕ್ ನನ್ನನ್ನು ಬೂಟಿನಿಂದ ಪಕ್ಕಕ್ಕೆ ಒದ್ದು ಹೊರತೆಗೆದ. ಸೀಳನ್ನು ನೋಡಿ ಕೇಳಿದ. "ಹಗ್ಗ ಇಲ್ವಲ್ಲ ಸಾರ್. ಇದಕ್ಕೆ ಕೈ ಹಾಕ್ತಿದ್ದೋರು ಯಾರು?"

ತೋಂಟದಾರ್ಯರು ತಲೆಯೆತ್ತಲಿಲ್ಲ. "ನಮ್ಮನೆಯೋರು" ಎಂದರು.

ಸಾದಿಕ್ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡ.

ಅಂದಿನಿಂದ ನನಗೆ ಕೆಲಸವಿಲ್ಲ. ಮನೆಯ ಉಗ್ರಾಣದಲ್ಲಿ, ಒಡೆದ ಬೀಸುವ ಕಲ್ಲಿನ ಪಕ್ಕದಲ್ಲಿ ಇದ್ದೇನೆ. ಸೀಳು ಅಗಲವಾಗಿದೆ, ಒಂದು ಕಡೆ ಗೆದ್ದಲು ಹಿಡಿದಿದೆ. ನಾನು ಹೆಮ್ಮೆಪಡಬೇಕೆ? ಸೋಲದೆ ತಡೆದವನು ನಾನು. ಆದರೆ ನಾನು ತಡೆದಷ್ಟು ದಿನ ಒಬ್ಬ ಮನುಷ್ಯ ತನ್ನ ಕರ್ತವ್ಯವನ್ನು ಮುಂದಕ್ಕೆ ಹಾಕಿದ, ಆ ಕರ್ತವ್ಯದ ಭಾರವನ್ನು ಇನ್ನೊಂದು ಜೀವದ ಬೆರಳುಗಳು ಹೊತ್ತವು. ತಾತ್ಕಾಲಿಕವೆಂದು ಬಂದವನು ಕಾಯಂ ಆದರೆ ಎಂಥ ಅನ್ಯಾಯಕ್ಕೆ ನೆರವಾಗುತ್ತಾನೆಂದು ನನ್ನನ್ನು ನೋಡಿ ತಿಳಿಯಿರಿ.

ಭಯ ಮಾತ್ರ ನನ್ನನ್ನು ಬಿಟ್ಟಿಲ್ಲ. ಡಿಸೆಂಬರ್ ಬಂದಾಗ ಡಬ್ಬಿಗಳ ಸದ್ದು, ಕಂಬಳಿ ಕೊಡವುವ ಸದ್ದು ಉಗ್ರಾಣಕ್ಕೆ ಕೇಳಿಸುತ್ತದೆ. ಕಾರು ಹೊರಡುತ್ತದೆ. ಬ್ರೇಕು ಹಿಡಿಯುತ್ತದೆಂದು ತಿಳಿದಿದ್ದರೂ ಸಂಜೆಯವರೆಗೆ ನನಗೆ ನೆಮ್ಮದಿಯಿಲ್ಲ. ಕೊನೆಗೆ ಗೇಟು ತೆರೆದ ಸದ್ದಾಗುತ್ತದೆ. ಬಾಗಿಲುಗಳು ಒಂದಾದ ಮೇಲೊಂದು ಮುಚ್ಚುತ್ತವೆ. ಸರ್ವಮಂಗಳ ಅಡುಗೆಮನೆಗೆ ಬಂದು ಡಬ್ಬಿ ತೊಳೆಯಲು ಕೂರುತ್ತಾಳೆ. ನೀರಿನ ಸದ್ದಿನ ನಡುವೆ ಆಕೆಯ ಬಳೆಗಳ ಸದ್ದು, ಎಡಗೈಯದೂ ಬಲಗೈಯದೂ, ಕೇಳಿಸುತ್ತದೆ. ಆಮೇಲೆ ಮಾತ್ರ ನಾನು ಮತ್ತೆ ಬರಿಯ ಮರವಾಗುತ್ತೇನೆ.