ನೀರಿಳಿಯುವ ತೂತುಗಳು

ಬಣ್ಣ ಕೆರೆಯುವ ಪಟ್ಟಿಯನ್ನು ಅವಳು ಕಾರಿನ ಚೌಕಟ್ಟಿನ ಮೇಲೆ ಒತ್ತಿ ಎಳೆದಳು. ರಾಸಾಯನಿಕ ಹಚ್ಚಿ ಮೆದುಗೊಳಿಸಿದ್ದ ಹಳೆಯ ಕಪ್ಪು ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು, ಕೈಗವಸಿನ ಮೇಲೆ ಲೊಚಕ್ಕನೆ ಬಿತ್ತು. ಅದರ ಕೆಳಗೆ ಬೂದು ಪ್ರೈಮರ್, ಪ್ರೈಮರಿನ ಕೆಳಗೆ ಬರಿ ಕಬ್ಬಿಣ ಕಾಣಬೇಕಿತ್ತು. ಕಂಡದ್ದು ತೂತು ಮುಚ್ಚಲು ಮೆತ್ತುವ ಪುಟ್ಟಿ. ಗುಂಡಗೆ, ನುಣ್ಣಗೆ, ಯಾರೋ ಹೆಬ್ಬೆರಳಿನಿಂದ ಮುದ್ದಾಗಿ ತೀಡಿದ ಪುಟ್ಟಿ.

ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿದಳು. ಪುಟ್ಟಿ ಬಿರಡೆಯಂತೆ ಕಳಚಿಕೊಂಡಿತು. ಒಳಗಿನಿಂದ ಕಂದು ನೀರು ಸುರಿದು ಅವಳ ಮಂಡಿಯನ್ನು ನೆನೆಸಿ ಶೂ ಒಳಗಿಳಿಯಿತು. ನೀರಿನ ಹಿಂದೆಯೇ ತುಕ್ಕಿನ ರಾಡಿ, ರಾಡಿಯಲ್ಲಿ ಕೊಳೆತ ಎಲೆಯ ಚೂರು, ಜಿರಳೆಯ ಕಾಲು. ಮುಚ್ಚಿಟ್ಟ ಹೂಜಿಯಲ್ಲಿ ಮೀನು ಸತ್ತಂಥ ನಾತ.

"ಥೂ!" ಎಂದು ಉಗಿದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಭಾವ, ಸ್ವಲ್ಪ ಬನ್ನಿ ಇಲ್ಲಿ" ಎಂದು ಕೂಗಿದಳು.

ಅಕ್ಕನ ಗಂಡ, ಈ ಗ್ಯಾರೇಜಿನ ಯಜಮಾನ, ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ. ಬಲಭುಜ ಸೆಟೆದುಕೊಂಡು ತೋಳು ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಹಾಗಾಗಿ ಎಡಗೈಯ ಉಗುರಿನಿಂದಲೇ ಕಿತ್ತು ಕಿತ್ತು ಸುಲಿಯಬೇಕಾಗಿತ್ತು.

"ಏನೇ ಮರಕುಟಿಗ, ನಿಧಿ ಸಿಕ್ತಾ?"

ಅಡ್ಡಹೆಸರು ಅವನೇ ಇಟ್ಟದ್ದು. ಯಾವ ತಗಡು ಕಂಡರೂ ಬಡಿದು ಕಿವಿಗೊಡುವುದು ಅವಳ ಚಾಳಿ.

"ವಾಸನೆ ಬರ್ತಿಲ್ವಾ ನಿಮ್ಗೆ?"

"ಮೊಟ್ಟೇದಿರ್ಬೇಕು ಬಿಡು."

ಅವಳ ಮುಂದೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿದ್ದದ್ದು ನರ್ಸಮ್ಮನ ಹಳೆಯ ಕಾರಿನ ಸಬ್‌ಫ್ರೇಮ್: ಎಂಜಿನ್ನನ್ನೂ ಮುಂದಿನ ಚಕ್ರಗಳನ್ನೂ ಹೊರುವ ಟೊಳ್ಳು ಚೌಕಟ್ಟು. ಹೆರಿಗೆಗೆ ಕರೆ ಬಂದಾಗಲೆಲ್ಲ ನರ್ಸಮ್ಮ ಈ ಕಾರಿನಲ್ಲೇ ಓಡಿದವಳು. ಕೆಲಸದಿಂದ ನಿವೃತ್ತಳಾದ ಮೇಲೆ, ಮೊಮ್ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬೆಟ್ಟ ಹತ್ತಿಸಬೇಕೆಂಬ ಆಸೆಗೆ ಕಾರನ್ನು ಪೂರ್ತಿ ಬಿಚ್ಚಿ ಹೊಸದು ಮಾಡಲು ಕೊಟ್ಟಿದ್ದಳು. ನಾಳೆ ಕೆಲಸ ನೋಡಲು ಬರುವವಳಿದ್ದಳು. ಕೆಲವು ವರ್ಷಗಳ ಹಿಂದೆ ಇದೇ ಚೌಕಟ್ಟಿಗೆ ಬಣ್ಣ ಹೊಡೆದವನೂ ಭಾವನೇ. ಆಗ ತೆಗೆದ ಫೋಟೋ ಇನ್ನೂ ಗೋಡೆಯ ಮೇಲಿದೆ. ಒಂದು ಕಲೆಯಿಲ್ಲ, ಒಂದು ತೂತಿಲ್ಲ, ಕಪ್ಪು ಕನ್ನಡಿ. ಆ ಫೋಟೋಗೆ ಮರುಳಾಗಿಯೇ ಅವಳು ಈ ಕಸುಬಿಗೆ ಬಂದದ್ದು.

"ಕೆಳಗಿನ ತೂತುಗಳಿರೋದೇ ನೀರಿಳಿಯೋಕೆ ಅಲ್ವಾ ಭಾವ? ಯಾರು ಮುಚ್ಚಿದ್ದು ಇದನ್ನ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವ ನಿಜಕ್ಕೂ ಹೆಗಲು ಮುಟ್ಟಿಕೊಂಡ. ನೋವಿಗೇ ಇದ್ದೀತು.

"ನಾನೇ ಕಣೆ. ತೂತು ಬಿಟ್ರೆ ಒಳ್ಳೇ ಮುಖಕ್ಕೆ ಸಿಡುಬು ಬಂದಂಗೆ ಕಾಣುತ್ತೆ. ನಾನು ಕೈಯಿಟ್ಟದ್ದು ಹಂಗಿರ್ಬಾರ್ದು."

ಅವಳು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದಳು. ಟಣ್, ಟಣ್. ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು ಕೂರುವ ಮೂಲೆಯಲ್ಲಿ ದೊಪ್ ಎಂದಿತು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಕಬ್ಬಿಣ ತಡೆಯಲಿಲ್ಲ. ಅತಿ ಹಣ್ಣಾದ ಪಪ್ಪಾಯಿಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು.

ಭಾವ ಎದ್ದು ಬಂದ. ಮೊಟ್ಟೆಯನ್ನು ಬಾಯಿಗೆ ಕಚ್ಚಿಕೊಂಡು ತೂತಿನೊಳಗೆ ಬೆರಳು ತೂರಿಸಿದ, ತಿರುವಿದ, ಹೊರಗೆಳೆದು ಮೂಸಿದ. ರಾಡಿಯನ್ನು ಪ್ಯಾಂಟಿಗೆ ಒರೆಸಿ, ಅದೇ ಬೆರಳಿನಿಂದ ಮೊಟ್ಟೆಯ ಉಳಿದರ್ಧವನ್ನು ಬಾಯೊಳಗೆ ತಳ್ಳಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬೆರಳಿಗಲ್ಲ. ಅವನ ಮುಖದಲ್ಲಿ ಒಂದಿಷ್ಟೂ ಅಸಹ್ಯವಿರಲಿಲ್ಲ, ಅದಕ್ಕೆ.

"ತೊಳೆದು, ಒಂದು ತಗಡಿನ ಚೂರಿಟ್ಟು, ಪುಟ್ಟಿ ಮೆತ್ತು. ಮೇಲೆ ಪ್ರೈಮರ್, ಕಪ್ಪು. ಮುಗೀತು" ಎಂದ, ಅಗಿಯುತ್ತ.

"ತಿಪ್ಪೆ ಸಾರ್ಸೋ ಕೆಲ್ಸ."

"ಕಾರಿನ ಹೊಟ್ಟೆ ಕೆಳಗೆ ಯಾರೇ ಮಲಗಿ ನೋಡ್ತಾರೆ?"

"ಮೇಲೆ ಮಕ್ಕಳು ಕೂತಿರ್ತಾರಲ್ಲ."

"ಅವ್ರು ಕೂರೋದು ಸೀಟ್ ಮೇಲೆ."

"ಸೀಟ್ ನಿಂತಿರೋದು ಚಕ್ರದ ಮೇಲೆ, ಚಕ್ರ ನಿಂತಿರೋದು ಈ ಕೀವಿನ ಮೇಲೆ! ಬೆಟ್ಟದ ತಿರುವಲ್ಲಿ ಚಕ್ರ ಒಂದು ದಾರಿ ಹಿಡಿಯುತ್ತೆ, ನರ್ಸಮ್ಮ ಇನ್ನೊಂದು ದಾರಿ. ಈ ಮೂಲೆ ಕೊಯ್ದು ಹೊಸ ಕಬ್ಬಿಣ ವೆಲ್ಡ್ ಮಾಡ್ಬೇಕು."

"ಕೊಯ್ದ್ರೆ ಯಾಕೆ ಕೊಯ್ದಿ ಅಂತ ಕೇಳ್ತಾಳೆ ಆ ಮುದುಕಿ. ನಾನು ಚಂದ ಮಾಡಿದ್ದಕ್ಕೇ ಕೊಳೀತು ತಾಯಿ ಅಂತ ಹೇಳ್ಲಾ? ಊರೆಲ್ಲ ಟಾಂ ಟಾಂ ಆಗುತ್ತೆ."

"ನೀವು ಹೇಳ್ಬೇಡಿ. ನಾಳೆ ಬರ್ಲಿ, ಈ ತೂತಿಗೆ ಅವ್ರ ಬೆರಳೇ ಇಡಿಸ್ತೀನಿ."

ಭಾವ ಅಗಿಯುವುದನ್ನು ನಿಲ್ಲಿಸಿದ. ತುಟಿಯ ಮೂಲೆಯಲ್ಲಿ ಹಳದಿ ಅಂಟಿಕೊಂಡಿತ್ತು. ಗೋಡೆಯ ಫೋಟೋ ನೋಡಿದ, ಅವಳನ್ನು ನೋಡಿದ. ಬೈಯುತ್ತಾನೆಂದು ಅವಳು ಹಲ್ಲುಕಚ್ಚಿ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ನಕ್ಕ.

ಕಪಾಟಿನ ಬೀಗ ತೆಗೆದು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ್ದ ಸ್ಪ್ರೇ ಗನ್ ಹೊರತೆಗೆದ. ಈ ಗ್ಯಾರೇಜಿನಲ್ಲಿ ಕೆರೆಯುವುದು, ತಿಕ್ಕುವುದು, ಪ್ರೈಮರ್ ಬಳಿಯುವುದು ಯಾರ ಪಾಲಿಗಾದರೂ ಬರಬಹುದು. ಬಣ್ಣದ ಕೊನೆಯ ಕೋಟು ಮಾತ್ರ ಯಜಮಾನನ ಕೈಯದು. ಅವಳು ಕೇಳಿದಾಗಲೆಲ್ಲ, "ಇನ್ನೂ ಕೈ ಪಳಗಲಿ" ಎಂದು ಜಾರಿಕೊಂಡಿದ್ದ. ಈಗ ಅವನ ತೋಳೇ ಏಳುವುದಿಲ್ಲ. ಅವಳು ಹೊಡೆಯದಿದ್ದರೆ ಈ ಚೌಕಟ್ಟಿನ ಮೇಲೆ ಬಣ್ಣ ಬೀಳುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ತಗೋ. ಇದೂ ಸೇರಿ ಇನ್ಮೇಲೆ ಎಲ್ಲ ಕಾರಿನ ಕೊನೇ ಕೋಟೂ ನಿಂದೇ. ಬೋರ್ಡಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರೂ ಬರೆಸ್ತೀನಿ. ನಿಮ್ಮಕ್ಕಂಗೂ ಖುಷಿ ಆಗುತ್ತೆ."

ಗನ್ನಿನ ಹಿಡಿ ಫಳಫಳ ಹೊಳೆಯುತ್ತಿತ್ತು. ಎಷ್ಟು ಸಲ ಆಸೆಪಟ್ಟು ನೋಡಿದ್ದಳೋ. ಶೂ ಒಳಗಿನ ನೀರು ಬೆರಳುಗಳ ನಡುವೆ ಪಿಚಪಿಚ ಎನ್ನುತ್ತಿತ್ತು.

"ಹಿಡಿಯೇ, ನಾಚ್ಕೊಬೇಡ."

"ಹಿಡಿಯಲ್ಲ."

"ಕೊಡ್ತಾ ಇರೋನು ನಾನು ಕಣೆ, ನಿಮ್ಮ ಭಾವ!"

"ಈ ಕೀವಿನ ಮೇಲೆ ಬಣ್ಣ ಹೊಡೆಯೋಕೆ ಯಾರು ಕೊಟ್ರೂ ಹಿಡಿಯಲ್ಲ."