ಹಗ್ಗದಮ್ಮನ ಕೊನೆಯ ಹಗ್ಗ

"ಕೈಗವಸು ಯಾಕಮ್ಮಾ ಈಗ? ಅವರಿಗೆ ಇನ್ನೆಲ್ಲಿ ಚಳಿ?" ಎಂದಳು ಪಕ್ಕದ ಮನೆಯಾಕೆ.

ಸೊಸೆ ತಲೆಯೆತ್ತಲಿಲ್ಲ. ಅತ್ತೆಯ ಬಲಗೈ ಹೆಬ್ಬೆರಳನ್ನು ಉಣ್ಣೆಯ ಕೈಗವಸಿನೊಳಗೆ ತೂರಿಸಲು ಹೆಣಗುತ್ತಿದ್ದಳು. ಸತ್ತವರ ಬೆರಳು ಯಾರ ಮಾತನ್ನೂ ಕೇಳುವುದಿಲ್ಲ. ಎಡಗೈಯದು ಹಾಕಿ ಆಗಿತ್ತು. ಈ ಕೈಯ ಬೆರಳ ತುದಿಗಳಲ್ಲೇ ಸುಟ್ಟ ಕಲೆಗಳಿದ್ದವು. ಕೆಲವು ಹಳೆಯವು, ಒಂದು ಇನ್ನೂ ಒಣಗಿರಲಿಲ್ಲ. ಅವು ಯಾರ ಕಣ್ಣಿಗೂ ಬೀಳಬಾರದು.

"ಅವರ ಕೈ ಯಾವಾಗ್ಲೂ ತಣ್ಣಗಿರ್ತಿತ್ತು," ಎಂದಳು ಕೊನೆಗೆ.

ಸುಳ್ಳೇನೂ ಅಲ್ಲ. ಪೂರ್ತಿ ನಿಜವೂ ಅಲ್ಲ. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು, "ನಿನ್ನಂಥ ಸೊಸೆ ಎಲ್ಲರಿಗೂ ಸಿಗಲಿ," ಎಂದು ಹರಸಿ ಹೂವು ತರಲು ಹೋದಳು.

ಮುಂದಿನ ಕೋಣೆಯಲ್ಲಿ ಗೈಡುಗಳು ಸೇರಿದ್ದರು. ಬೆಟ್ಟ ಹತ್ತಿಸುವವರೆಲ್ಲ ಬಂದಿದ್ದರು, ಎಂದೂ ಒಬ್ಬರ ಮುಖ ಒಬ್ಬರು ನೋಡದವರು ಕೂಡ. ಬರದೆ ಇರುವುದು ಹೇಗೆ? ಅವರಲ್ಲಿ ಒಬ್ಬನಾದರೂ ಈ ಹೆಂಗಸಿನ ಕೈ ದಾಟದ ಹಗ್ಗ ಕಟ್ಟಿಕೊಂಡು ಮೇಲೆ ಹೋದದ್ದಿಲ್ಲ. ಅವಳ ನಿಜವಾದ ಹೆಸರು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಹಗ್ಗದಮ್ಮ ಎಂದರೆ ಮುಗಿಯಿತು.

ಹಗ್ಗ ನೋಡುವುದು ಇಲ್ಲಿ ಹೆಂಗಸರ ಕೆಲಸ. ಗಂಡಸರ ಬೆರಳುಗಳನ್ನು ಹಿಮ ತಿಂದಿರುತ್ತದೆ. ಮರದ ತುಂಡುಗಳಂತಾದ ಆ ಬೆರಳಿಗೆ ಏನು ತಿಳಿದೀತು? ಕಲ್ಲು ಬಿದ್ದು ಹಗ್ಗದ ಒಳ ಎಳೆ ಜಜ್ಜಿದರೂ ಮೇಲಿನ ಹೊದಿಕೆ ಹೊಸದರಂತೆ ಹೊಳೆಯುತ್ತಿರುತ್ತದೆ. ಕಣ್ಣಿಗೆ ಏನೂ ಕಾಣದು. ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ ಬೆರಳ ನಡುವೆ ಎಳೆಯುತ್ತ ಹೋದರೆ, ಎಲ್ಲೋ ಒಂದು ಕಡೆ ಬೆರಳುದ್ದದ ಜಾಗ ಮೆತ್ತಗೆ ಸಿಗುತ್ತದೆ. ಅಷ್ಟೇ. ಆ ಮೆತ್ತಗಿನ ಜಾಗದಲ್ಲಿ ಯಮ ಕೂತಿರುತ್ತಾನೆ. ಅಂಥ ಜಾಗ ಸಿಕ್ಕದಿದ್ದರೆ ಹಗ್ಗದಮ್ಮ ತುದಿಗೆ ಬಿಳಿ ದಾರ ಕಟ್ಟಿ ಗೂಟಕ್ಕೆ ನೇತುಹಾಕುವಳು. ಬಿಳಿ ದಾರ ಇದ್ದ ಹಗ್ಗವನ್ನು ಇನ್ನೊಬ್ಬರು ಮತ್ತೆ ಎಳೆದು ನೋಡುವುದೆಂದರೆ ಅವಳ ಮುಖಕ್ಕೆ ಹೊಡೆದ ಹಾಗೆ.

ಸೊಸೆ ಹೊರಗೆ ಬರುವಷ್ಟರಲ್ಲಿ ಗಂಡ ಶವಪೆಟ್ಟಿಗೆಯ ತಲೆದೆಸೆಗೆ ಮೊಳೆ ಹೊಡೆದು ಕೆಂಪು ಹಗ್ಗವೊಂದನ್ನು ನೇತುಹಾಕಿದ್ದ. ತುದಿಯಲ್ಲಿ ಬಿಳಿ ದಾರವಿತ್ತು. ಅವಳು ಹೊಸ್ತಿಲಲ್ಲೇ ನಿಂತಳು.

"ಇದು ಅಮ್ಮ ಕೊನೇದಾಗಿ ನೋಡಿಟ್ಟ ಹಗ್ಗ," ಎಂದ ಗಂಡ ಎಲ್ಲರಿಗೂ ಕೇಳುವ ಹಾಗೆ. "ಇವತ್ತು ಹೊರಡೋದನ್ನ ನಿಲ್ಸಲ್ಲ. ಇದನ್ನೇ ಕಟ್ಕೊಂಡು ಬೆಟ್ಟದ ತುದಿಗೆ ಹೋಗ್ತೀನಿ."

ಹಿಮಕ್ಕೆ ಒಂದು ಕಿವಿ ಕೊಟ್ಟು ಬಂದಿದ್ದ ಹಿರಿಯ ಗೈಡು, ಎಲ್ಲರ ಬಾಯಲ್ಲೂ ಒಂಟಿಕಿವಿಯಣ್ಣ, ಮುಂದೆ ಬಂದು ಹಗ್ಗವನ್ನು ಹಣೆಗೆ ಒತ್ತಿಕೊಂಡ. "ಅವಳ ಕೈ ಇದರಲ್ಲಿದೆ ಕಣಪ್ಪ. ಇದು ಹರಿದ್ರೆ ಬೆಟ್ಟಾನೇ ಹರೀಬೇಕು," ಎಂದ. ಉಳಿದವರೂ ಒಬ್ಬೊಬ್ಬರಾಗಿ ಬಂದು ಮುಟ್ಟಿದರು.

* * *

ಎರಡು ಚಳಿಗಾಲದ ಹಿಂದೆ ಸೊಸೆ ಆ ಕೈಗಳ ಗುಟ್ಟು ಕಂಡದ್ದು ಅಡುಗೆಮನೆಯಲ್ಲಿ. ಅತ್ತೆ ಒಲೆಯ ಮೇಲಿದ್ದ ಕೆಟಲನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲೇ ಇಳಿಸಿ, ಬಟ್ಟಲಿಗೆ ನೀರು ಬಗ್ಗಿಸುತ್ತ ಏನೋ ತಮಾಷೆ ಹೇಳುತ್ತಿದ್ದಳು. ಸುಟ್ಟ ಚರ್ಮದ ವಾಸನೆ ಬಂತು. ಅತ್ತೆ ಮಾತ್ರ ನಗುತ್ತಲೇ ಇದ್ದಳು.

"ಅತ್ತೆ! ಕೈ!"

ಅತ್ತೆ ಕೈಯನ್ನು ನೋಡಿಕೊಂಡಳು, ಬೇರೆ ಯಾರದೋ ಕೈ ನೋಡಿದ ಹಾಗೆ. ಆಮೇಲೆ ಬಾಗಿಲು ಹಾಕಿ ಬಂದು ಕೂತಳು.

"ಮುಟ್ಟಿದ್ದು ಗೊತ್ತಾಗಲ್ಲ ಕಣೇ. ಬಲಗೈದು ಮೊದಲು ಹೋಯ್ತು, ಈಗ ಎಡಗೈದೂ. ಹಗ್ಗ ಎಳೀತೀನಿ, ಗಾಳಿ ಎಳೆದ ಹಾಗಿರುತ್ತೆ."

"ಮತ್ತೆ ಹೇಗೆ ಬಿಳಿ ದಾರ..."

"ಅದಕ್ಕೇ ಮೂರು ದಿನದಿಂದ ಒಂದಕ್ಕೂ ಕಟ್ಟಿಲ್ಲ. ಜ್ವರ ಅಂತ ಹೇಳಿ ಮಲಗಿದೀನಲ್ಲ, ಯಾವ ಜ್ವರಾನೇ?" ಅತ್ತೆ ನಕ್ಕಳು, ನಗುತ್ತಲೇ ಅತ್ತಳು. "ನಾನು ಒಂದು ದಿನಾನೂ ಆ ಬೆಟ್ಟ ಹತ್ತಿದವಳಲ್ಲ. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಸಾಕು, ಹೊಟ್ಟೆ ತೊಳೆಸುತ್ತೆ. ಮದುವೆಯಾಗಿ ಬಂದ ದಿನದಿಂದ ಹೆದರಿದೀನಿ. ಗಂಡ ಹೋದಾಗ ಹೆದರಿದೆ, ಮಗ ಹೋದಾಗ ಹೆದರಿದೆ. ಆ ಹೆದರಿಕೇನೆಲ್ಲ ಈ ಬೆರಳಿಗೆ ಹಾಕ್ದೆ. ಈಗ ಬೆರಳಿಲ್ಲ, ಹೆದರಿಕೆ ಮಾತ್ರ ಇದೆ."

ಆವತ್ತಿನಿಂದ ಹಗ್ಗದ ಕೋಣೆಯಲ್ಲಿ ಸೊಸೆ ಅತ್ತೆಯ ಪಕ್ಕದಲ್ಲಿ ಕೂರತೊಡಗಿದಳು. ಕಲಿಯುತ್ತಿದ್ದಾಳೆ ಎಂದುಕೊಂಡರು ಜನ. ಅತ್ತೆ ಹಗ್ಗ ಎಳೆಯುವಳು. ಅವಳ ಕೈಯಿಂದ ಹೊರಬಂದದ್ದು ಸೊಸೆಯ ಬೆರಳ ನಡುವೆ ಹಾಯುವುದು. ಮೆತ್ತಗೆ ಸಿಕ್ಕಿದರೆ ಸೊಸೆ ಮೊಣಕಾಲಿನಿಂದ ಅತ್ತೆಯ ಮೊಣಕಾಲನ್ನು ತಟ್ಟುವಳು. "ಇದು ಬೇಡ," ಎನ್ನುವಳು ಅತ್ತೆ ಗಟ್ಟಿಯಾಗಿ. ಗೈಡುಗಳು ತಲೆದೂಗುವರು.

"ಯಾರಿಗೂ ಹೇಳ್ಬೇಡ, ನಾನು ಹೋದ ಮೇಲೂ," ಎಂದು ಮಾತು ತೆಗೆದುಕೊಂಡಿದ್ದಳು ಅತ್ತೆ. "ಹೇಳಿದ್ರೆ ಅವರು ಹಿಂದಕ್ಕೆ ಲೆಕ್ಕ ಹಾಕ್ತಾರೆ. ಯಾವತ್ತಿಂದ ಈ ಮುದುಕಿ ನಮ್ಮನ್ನ ಸಾಯೋಕೆ ಕಳಿಸ್ತಿದ್ಲು ಅಂತ."

* * *

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಬಿಚ್ಚಿತ್ತು. ಬೆಟ್ಟ ಹತ್ತಲು ದೂರದಿಂದ ಬಂದಿದ್ದ ಹಲ್ಲಿನ ಡಾಕ್ಟರಮ್ಮ ಮತ್ತು ಅವಳ ಮಗಳು ಸಾವಿನ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ನಾವು ಇನ್ನೊಂದ್ಸಲ ಬರ್ತೀವಿ," ಎಂದಳು ಡಾಕ್ಟರಮ್ಮ. "ಇಂಥಾ ಹೊತ್ತಲ್ಲಿ ನಿಮ್ಮನ್ನ..."

"ಹವೆ ನಾಳೆ ಒಂದಿನ ಮಾತ್ರ ಚೆನ್ನಾಗಿದೆ," ಎಂದರು ಮಾವ. ಮೂಲೆಯಲ್ಲಿ ಕೂತಿದ್ದ ಅವರು ಬೆಳಗಿನಿಂದ ಆಡಿದ ಮೊದಲ ಮಾತು ಅದು. ಕಾಲಿನ ಬೆರಳುಗಳು ಹೋದ ಮೇಲೆ ಗೈಡಿನ ಕೆಲಸ ಬಿಟ್ಟವರು ಅವರು. "ಅವಳು ಬದುಕಿದ್ದಾಗ ಯಾರ ದಾರೀನೂ ತಡೀಲಿಲ್ಲ. ಈಗ ಅವಳ ಹೆಸರು ಹೇಳ್ಕೊಂಡು ತಡೆಯೋದು ಬೇಡ."

ಗಂಡ ನಕ್ಷೆಯ ಮೇಲೆ ಬೆರಳಿಟ್ಟ. ಅಳು ಬಂದಾಗ ಕೆಲಸ ಹಿಡಿದುಕೊಳ್ಳುವವನು ಅವನು. "ಮಣ್ಣು ಮುಗಿಸಿ ಹೊರಟ್ರೆ ಕತ್ತಲಾಗೋ ಮುಂಚೆ ಈ ಕಲ್ಲುಮನೆ ಸೇರ್ತೀವಿ. ಅಲ್ಲಿ ಸ್ವಲ್ಪ ಕಣ್ಣು ಮುಚ್ಚೋದು, ಆಮೇಲೆ ಕತ್ತಲಲ್ಲೇ ಎದ್ದು ಹೊರಡೋದು. ಹಣೆಗೆ ಟಾರ್ಚು, ಬೂಟಿಗೆ ಕಬ್ಬಿಣದ ಮುಳ್ಳು. ಇಲ್ಲಿಂದ ಮೂವರೂ ಒಂದೇ ಹಗ್ಗದಲ್ಲಿ. ಹಿಮನದಿ ದಾಟೋವಾಗ ಹಿಮ ಕಲ್ಲಿನ ಹಾಗಿರ್ಬೇಕು. ಬಿಸಿಲು ಬಿದ್ರೆ ಬಿರುಕಿನ ಮೇಲೆ ಕೂತಿರೋ ಹಿಮ ಮೆತ್ತಗಾಗುತ್ತೆ."

"ಬಿರುಕು ಎಷ್ಟು ಆಳ ಇರುತ್ತೆ?" ಮಗಳು ಕೇಳಿದಳು.

"ಕಲ್ಲು ಹಾಕಿದ್ರೆ ಸದ್ದು ಕೇಳಿಸಲ್ಲ."

"ಬಿದ್ರೆ?"

"ಬಿದ್ರೆ ಹಗ್ಗ ಇದೆಯಲ್ಲ," ಎಂದ ಗಂಡ. ಮುಂದಿನ ಕೋಣೆಯ ಕಡೆ ಕತ್ತು ಹೊರಳಿಸಿ ತೋರಿಸಿದ. "ನಮ್ಮಮ್ಮ ನೋಡಿದ ಹಗ್ಗ."

ಚಹಾ ಬಗ್ಗಿಸುತ್ತಿದ್ದ ಸೊಸೆ ಕೆಟಲನ್ನು ಮೇಜಿನ ಮೇಲಿಟ್ಟಳು. ಗಂಡನ ತೋಳು ಹಿಡಿದು, "ರೀ, ಸ್ವಲ್ಪ ಬನ್ನಿ," ಎಂದು ಹಗ್ಗದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಗೂಟಗಳ ಮೇಲೆ ಹಗ್ಗಗಳು ತೂಗುತ್ತಿದ್ದವು.

"ಆ ಕೆಂಪು ಹಗ್ಗ ಬೇಡ. ಬೇರೆ ತಗೊಳ್ಳಿ."

"ಯಾಕೆ?"

ಬಾಯಲ್ಲಿ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. "ಹೋದ ವಾರ ಕಲ್ಲು ಬಿದ್ದಿತ್ತು ಅಂದ್ರಲ್ಲ, ಅದಕ್ಕೆ. ನಾನೊಂದ್ಸಲ ನೋಡಿಬಿಡ್ತೀನಿ, ಅಷ್ಟೇ."

ಗಂಡನ ಮುಖ ಕೆಂಪಾಯಿತು. "ಕಲ್ಲು ಬಿತ್ತು ಅಂತಾನೇ ಅಮ್ಮನ ತೊಡೆ ಮೇಲೆ ತಂದು ಹಾಕ್ದೆ. ನನ್ನೆದುರಿಗೇ ಪೂರ್ತಿ ಎಳೆದು ದಾರ ಕಟ್ಟಿದ್ಲು. ಅವಳಿನ್ನೂ ಮಣ್ಣಿಗೂ ಹೋಗಿಲ್ಲ, ಅಷ್ಟರಲ್ಲಿ ಅವಳ ಕೆಲಸದಲ್ಲಿ ತಪ್ಪು ಹುಡುಕ್ತೀಯಾ? ಎಲ್ಲರೆದುರಿಗೆ ಆ ಹಗ್ಗ ಇಳಿಸಿ ನೋಡ್ತೀಯಾ? ನೋಡು ಹೋಗು!"

ಅವನು ಬಾಗಿಲು ಬಡಿದು ಹೋದ. ಎಲ್ಲಿಂದ ನೋಡಿಯಾಳು? ಪೆಟ್ಟಿಗೆಯ ಸುತ್ತ ಗೈಡುಗಳು ಗೋಡೆಯಂತೆ ನಿಂತಿದ್ದರು.

* * *

ಹೋದ ವಾರ ತಂಗಿಯ ಹೆರಿಗೆಗೆಂದು ಅವಳು ತವರಿಗೆ ಹೋಗಿದ್ದಳು. ಬಂದಾಗ ಕೆಂಪು ಹಗ್ಗ ಬಿಳಿ ದಾರ ಕಟ್ಟಿಸಿಕೊಂಡು ಗೂಟದ ಮೇಲಿತ್ತು.

"ಇದನ್ನ ನೀವೊಬ್ರೇ ನೋಡಿದ್ರಾ ಅತ್ತೆ?"

"ಮಗ ಎದುರಿಗೇ ನಿಂತಿದ್ದ. ಏನು ಮಾಡ್ಲಿ? ಪೂಜಾರಿ ಕಣ್ಣು ಮುಚ್ಚಿದ ಹಾಗೆ ಮುಚ್ಚಿ ಎಳೆದೆ." ಅತ್ತೆ ಸ್ವರ ತಗ್ಗಿಸಿದಳು. "ಏನೂ ಸಿಗ್ಲಿಲ್ಲ. ನನಗೆ ಏನು ಸಿಕ್ಕೀತು? ನಾಳೆ ಬೆಳಿಗ್ಗೆ ಇಬ್ರೂ ಕೂತು ನೋಡಿಬಿಡೋಣ. ಮರೀಬೇಡ."

ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಮಾತೂ ಹೋಗಿತ್ತು. ಪ್ರಾಣ ಹೋಗುವವರೆಗೆ ಸೊಸೆ ಅವಳ ಹತ್ತಿರದಿಂದ ಕದಲಲಿಲ್ಲ. ಹಗ್ಗ ಯಾರಿಗೆ ನೆನಪಿತ್ತು?

* * *

ಸ್ಮಶಾನ ಮನೆಯ ಹಿಂದಿನ ಇಳಿಜಾರಿನಲ್ಲೇ ಇತ್ತು. ಪೆಟ್ಟಿಗೆಯನ್ನು ಗುಂಡಿಯ ಅಂಚಿಗೆ ತಂದಿಟ್ಟರು. ಗಂಡ ಕೆಂಪು ಹಗ್ಗವನ್ನು ಹೆಗಲಿಗೆ ಅಡ್ಡ ಹಾಕಿಕೊಂಡೇ ಬಂದಿದ್ದ. ಇಲ್ಲಿಂದಲೇ ಹೊರಡುವವನ ಹಾಗೆ. ಡಾಕ್ಟರಮ್ಮ ಮತ್ತು ಅವಳ ಮಗಳ ಚೀಲಗಳು ಬೇಲಿಯ ಬಳಿ ಸಿದ್ಧವಾಗಿದ್ದವು.

ಸೊಸೆಗೆ ಬೆಟ್ಟ ಕಾಣುತ್ತಿತ್ತು. ತುದಿಯ ಮೇಲೆ ಮೋಡದ ತುಣುಕೂ ಇಲ್ಲ. ಇಂಥ ಚಂದದ ದಿನವೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಹೇಳಿಬಿಡಲೇ? ಹೇಳಿದರೆ ಇಷ್ಟು ಜನ ಸೇರಿ ಪೆಟ್ಟಿಗೆಯಲ್ಲಿದ್ದವಳನ್ನು ಶಪಿಸುತ್ತ ಮನೆಗೆ ಹೋಗುತ್ತಾರೆ. ಹೇಳದಿದ್ದರೆ? ಮೂರು ಜನ ಒಂದೇ ಹಗ್ಗದಲ್ಲಿ, ಕತ್ತಲಲ್ಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಎಂದು ಅತ್ತೆಯೇ ಹೇಳುತ್ತಿದ್ದಳು. ಅಯ್ಯೋ ಅತ್ತೆ, ಎಲ್ಲಿದೆ ಆ ಕೋಲು?

ಗುಂಡಿ ತೋಡಿದವನು ಪೆಟ್ಟಿಗೆ ಇಳಿಸಲು ದಪ್ಪ ಬಟ್ಟೆಯ ಪಟ್ಟಿಗಳನ್ನು ಹಾಸತೊಡಗಿದ.

"ಬೇಡ!" ಎಂದಳು ಸೊಸೆ. ತನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ತಾನೇ ಬೆಚ್ಚಿದಳು. "ಪಟ್ಟಿ ಬೇಡ. ಹಗ್ಗದಮ್ಮನ್ನ ಹಗ್ಗದಲ್ಲೇ ಇಳಿಸ್ಬೇಕು. ಅವರು ಕೊನೇದಾಗಿ ಮುಟ್ಟಿದ ಹಗ್ಗದಲ್ಲೇ."

ಎಲ್ಲರೂ ಗಂಡನ ಹೆಗಲನ್ನು ನೋಡಿದರು. ಹೆಣ ಇಳಿಸಿದ ಹಗ್ಗ ಮತ್ತೆ ಬೆಟ್ಟ ಹತ್ತುವುದಿಲ್ಲ. ಮೇಲಿನಿಂದ ಸತ್ತವರನ್ನು ಇಳಿಸಿ ತಂದ ಹಗ್ಗವನ್ನು ಅವರ ಜೊತೆಗೇ ಹೂಳುವುದು ಗೈಡುಗಳ ಹಳೆಯ ನಿಯಮ. ಎಳೆಯ ಗೈಡಿಗೂ ಅದು ಗೊತ್ತು.

"ಇದು ನನಗೆ ಬೇಕು," ಎಂದ ಗಂಡ. ಕಣ್ಣು ತುಂಬಿ ಬಂತು. "ಅವಳು ನನ್ನ ಜೊತೆಗಿರ್ಲಿ ಅಂತ..."

"ನಿಮಗೆ ಇನ್ನೂ ಹಗ್ಗ ಸಿಗುತ್ತೆ. ಅವರಿಗೆ ಇದೊಂದೇ."

ಒಂಟಿಕಿವಿಯಣ್ಣ ಮೂಗು ಸೀಟಿಕೊಂಡ. "ಸೊಸೆ ಹೇಳೋದು ಸರಿ ಕಣೋ. ಒಂದಿನಾನೂ ಮೇಲೆ ಹೋಗದವಳನ್ನ ಸತ್ತ ಮೇಲೆ ಯಾಕೆ ಹತ್ತಿಸ್ತೀಯ? ಅವಳಿಗೆ ಎತ್ತರ ಆಗ್ತಿರ್ಲಿಲ್ಲ."

ಯಾರೋ ಅಳುತ್ತಲೇ ನಕ್ಕರು. ಗಂಡ ತಂದೆಯ ಮುಖ ನೋಡಿದ. ಮಾವ ತಲೆಯಾಡಿಸಿದರು. ಅವನು ಹಗ್ಗವನ್ನು ಹೆಗಲಿನಿಂದ ತೆಗೆದುಕೊಟ್ಟ.

ಪೆಟ್ಟಿಗೆಯಡಿ ಎರಡು ಕಡೆ ಹಗ್ಗ ಹಾಯಿಸಿ ನಾಲ್ವರು ಹಿಡಿದರು. ತಲೆಯ ಕಡೆ ಮಾವ, ಮಗ; ಕಾಲಿನ ಕಡೆ ಒಂಟಿಕಿವಿಯಣ್ಣ, ಇನ್ನೊಬ್ಬ ಗೈಡು. ಪೆಟ್ಟಿಗೆ ಮೆಲ್ಲಗೆ ಇಳಿಯತೊಡಗಿತು. ಹಗ್ಗ ಅವರ ಅಂಗೈಗಳಲ್ಲಿ ಸರಸರ ಜಾರುತ್ತಿತ್ತು. ಸೊಸೆ ಇನ್ನು ಭಯವಿಲ್ಲ ಎಂದುಕೊಂಡಳು.

ಅಷ್ಟರಲ್ಲಿ ಮಾವ ಹಗ್ಗ ಬಿಡುವುದನ್ನು ನಿಲ್ಲಿಸಿಬಿಟ್ಟರು.

ಪೆಟ್ಟಿಗೆ ಗುಂಡಿಯ ನಡುವೆ ತೂಗಿತು. ಹಿಮ ತಿಂದ ಮಾವನ ಕೈಬೆರಳಿಗೆ ಏನೂ ತಿಳಿಯದೆ ಎಷ್ಟೋ ವರ್ಷವಾಗಿತ್ತು. ಆದರೆ ಭಾರ ಬಿದ್ದ ಹಗ್ಗ ಅಂಗೈಗೂ ಹೇಳುತ್ತದೆ. ಅವರ ಮುಷ್ಟಿಯ ಬಳಿ, ಒಳಗೆ ಎಳೆಯಿಲ್ಲದ ಕೆಂಪು ಹೊದಿಕೆ ರಿಬ್ಬನ್ನಿನಂತೆ ಚಪ್ಪಟೆಯಾಗಿ ಹಿಗ್ಗುತ್ತಿತ್ತು. ಅವರು ಅದನ್ನು ನೋಡಿದರು. ಆಮೇಲೆ ಪೆಟ್ಟಿಗೆಯನ್ನು. ಆಮೇಲೆ, ಬಹಳ ಹೊತ್ತು, ಸೊಸೆಯನ್ನು.

"ಅಪ್ಪಾ, ಏನಾಯ್ತು?" ಎಂದ ಮಗ.

ಮಾವ ಚಪ್ಪಟೆಯಾದ ಜಾಗವನ್ನು ಮುಷ್ಟಿಯೊಳಗೆ ಭದ್ರವಾಗಿ ಹಿಡಿದು ಮಣ್ಣಿನ ಮೇಲೆ ಮಂಡಿಯೂರಿದರು. ಆಮೇಲೆ ಬೋರಲು ಮಲಗಿದರು. ಪೆಟ್ಟಿಗೆ ಇಳಿದಂತೆ ಅವರ ತೋಳೂ ಗುಂಡಿಯೊಳಗೆ ಇಳಿಯಿತು, ಮೊಣಕೈವರೆಗೆ, ಭುಜದವರೆಗೆ. ಕೆನ್ನೆ ಮಣ್ಣಿಗೆ ಒತ್ತಿತ್ತು. ಹಿಂದೆ ನಿಂತಿದ್ದ ಗೈಡೊಬ್ಬ ಅವರ ಸೊಂಟ ಹಿಡಿದುಕೊಂಡ. ಪೆಟ್ಟಿಗೆ ನೆಲ ಮುಟ್ಟಿದ ಸದ್ದು ಬಂದ ಮೇಲೆಯೇ ಅವರು ಮುಷ್ಟಿ ಬಿಟ್ಟದ್ದು.

"ಏನಿಲ್ಲ," ಎಂದರು ಎದ್ದು ಕೂತು. "ಅವಳನ್ನ ಕೈಯಾರೆ ಇಳಿಸ್ಬೇಕು ಅನ್ನಿಸ್ತು."

ಹಗ್ಗದ ತುದಿಗಳನ್ನು ಅವರೇ ಒಳಕ್ಕೆ ಎಸೆದರು.

ಮಣ್ಣು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದಾಗ ಬಿಸಿಲು ವಾಲಿತ್ತು. ಗಂಡ ಗೂಟದಿಂದ ನೀಲಿ ಹಗ್ಗವೊಂದನ್ನು ತಂದ. ಅದಕ್ಕೆ ಬಿಳಿ ದಾರ ಇರಲಿಲ್ಲ. ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತ. ಮಾವ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಎದೆ ತುಂಬ ಮಣ್ಣು ಮೆತ್ತಿದ ಅಂಗಿಯಲ್ಲೇ ಬಂದು, ಮೆಟ್ಟಿಲ ಮೇಲೆ ಕೂತಿದ್ದ ಸೊಸೆಯ ತೊಡೆಯ ಮೇಲಿಟ್ಟರು.

"ನೋಡು ತಾಯಿ."

"ಇವಳಾ?" ಎಂದ ಒಂಟಿಕಿವಿಯಣ್ಣ.

"ಅವಳ ಕೈಯೇ ಇವಳ ಕೈ," ಎಂದರು ಮಾವ.

ಸೊಸೆ ಕಣ್ಣು ಮುಚ್ಚಿ ತುದಿ ಹಿಡಿದಳು. ಪಕ್ಕದಲ್ಲಿ ತಟ್ಟಲು ಮೊಣಕಾಲಿರಲಿಲ್ಲ. ಹಗ್ಗ ಬೆರಳ ನಡುವೆ ಇಷ್ಟಿಷ್ಟೇ ಸರಿಯುತ್ತ ಹೋಯಿತು. ಡಾಕ್ಟರಮ್ಮ ಹೆಗಲ ಚೀಲವನ್ನು ಮತ್ತೆ ಕೆಳಗಿಟ್ಟಳು. ಒಂದು ಕಡೆ ಬೆರಳು ನಿಂತಿತು. ಅವಳು ಹಿಂದಕ್ಕೆ ಹೋಗಿ, ಅದೇ ಜಾಗಕ್ಕೆ ಮತ್ತೆ ಬಂದು, ಒತ್ತಿ, ಮಡಚಿ, ಇನ್ನೊಮ್ಮೆ ಒತ್ತಿದಳು. ಹೊರಡುವ ಹೊತ್ತು ಮೀರುತ್ತಿತ್ತು. ಗಂಡ ಅವಸರ ಮಾಡದೆ ಅವಳ ಎದುರು ನೆಲದ ಮೇಲೆ ಕೂತು, ಅವಳ ಬೆರಳುಗಳನ್ನೇ ನೋಡುತ್ತಿದ್ದ.