ಎಸ್ಪುಯೇಲಾ ತೊರೆಯ ಹಾಸಿಗೆ

ಪುಟ್ಟ ಕತ್ತರಿಯೊಂದು ನೆಲಕ್ಕೆ ಬಿದ್ದ ಸದ್ದು. ಗಾಳಿ ತಗಡಿನ ಸೂರನ್ನು ಅಲುಗಿಸುತ್ತಿದ್ದ ಆ ಸರಿರಾತ್ರಿಯಲ್ಲಿ ಬೇರೆ ಯಾರಿಗೂ ಅದು ಕೇಳುತ್ತಿರಲಿಲ್ಲ. ನಾನು ಕಿವಿಗೊಟ್ಟೇ ಮಲಗಿದ್ದೆ, ಕೇಳಿಸಿತು. ಆಮೇಲೆ ಹಲಗೆಯ ನೆಲವನ್ನು ಅಂಗೈ ಸವರುವ ಸದ್ದು, ಬಹಳ ಹೊತ್ತು. ಬಾಗಿಲ ಸಂದಿನಲ್ಲಿ ದೀಪದ ಬೆಳಕು ಕಾಣುತ್ತಿತ್ತು. ಅಷ್ಟು ಬೆಳಕಿನಲ್ಲೂ ಅಕ್ಕ ತನ್ನ ಕಾಲ ಬುಡದಲ್ಲಿ ಬಿದ್ದ ಕತ್ತರಿಯನ್ನು ಕೈಯಿಂದ ಹುಡುಕುತ್ತಿದ್ದಳು.

ನಾನು ಏಳಲಿಲ್ಲ. ಎದ್ದು ಹೋಗಿ ಎತ್ತಿಕೊಟ್ಟರೆ ಅವಳು ಏನಾದರೊಂದು ನೆಪ ಹೇಳುತ್ತಾಳೆ, ನಾನು ಅದನ್ನು ನಂಬಿದಂತೆ ಮುಖ ಮಾಡಬೇಕು. ಚಳಿಗಾಲದುದ್ದಕ್ಕೂ ಅದನ್ನು ಮಾಡಿ ಮಾಡಿ ಸಾಕಾಗಿತ್ತು.

ಬೆಳಿಗ್ಗೆ ಮೇಜಿನ ಮೇಲೆ ರಾತ್ರಿ ಅವಳು ಕಟ್ಟಿದ ಹುಳುಗಳಿದ್ದವು. ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಮಾಡುವ ಹುಳುಗಳು. ನೀರಿನ ಮೇಲೆ ತೇಲಿಬಿಟ್ಟರೆ ಟ್ರೌಟ್ ಮೀನು ನಿಜವಾದ ಹುಳುವೆಂದೇ ಬಾಯಿ ಹಾಕಬೇಕು. ನಮ್ಮ ಹುನಿನ್ ಊರಿನಲ್ಲಿ ನನ್ನ ಅಕ್ಕ ಒದಿಲಾ ಕಟ್ಟಿದ ಹುಳು ಎಂದರೆ ಅದಕ್ಕೊಂದು ಮರ್ಯಾದೆ ಇತ್ತು. ಇವುಗಳ ರೆಕ್ಕೆ ಒಂದೊಂದು ದಿಕ್ಕಿಗೆ ತಿರುಗಿದ್ದವು. ಗಾಳದ ದಾರ ಪೋಣಿಸಬೇಕಾದ ಕೊಕ್ಕೆಯ ಕಣ್ಣಿನ ಮೇಲೆಯೇ ದಾರ ಸುತ್ತಿ, ಅಂಟು ಹಚ್ಚಿ ಮುಚ್ಚಿಬಿಟ್ಟಿದ್ದಳು. ಅವಳು ನೀರು ಕಾಯಿಸಲು ಒಳಗೆ ಹೋದಾಗ ನಾನು ಸೂಜಿ ತೆಗೆದುಕೊಂಡು ಒಂದೊಂದೇ ಕಣ್ಣನ್ನು ಚುಚ್ಚಿ ಬಿಡಿಸಿದೆ.

"ಏನ್ಮಾಡ್ತಿದೀಯೇ ಅಲ್ಲಿ?" ಎಂದು ಒಳಗಿನಿಂದಲೇ ಕೇಳಿದಳು.

"ಹುಳ ಎಣಿಸ್ತಿದೀನಿ."

"ಓಡಿಹೋಗ್ತಾವೇನೋ ಅಂತಾನಾ?"

ಸೋರೆಬುರುಡೆಗೆ ಚಹಾದಂತೆ ಕುಡಿಯುವ ಯೆರ್ಬಾ ಎಲೆ ತುಂಬಿ ಬಿಸಿನೀರು ಹೊಯ್ದು ನನಗೆ ಕೊಟ್ಟಳು. ನೀರು ಅಂಚು ದಾಟಿ ಅವಳ ಬೆರಳ ಮೇಲೆ ಸುರಿದಿತ್ತು. ಬಟ್ಟೆಗೆ ಒರೆಸಿಕೊಂಡಳು.

ನ್ಯೂಕೆನ್ ಪಟ್ಟಣದ ಶಾಲೆಯಲ್ಲಿ ವರ್ಷಗಟ್ಟಲೆ ವ್ಯಾಕರಣ ಹೇಳಿಕೊಟ್ಟು, ಗಂಡನಿಂದ ಬೇರೆಯಾಗಿ ಅಕ್ಕನ ಮನೆಗೆ ಬಂದವಳು ನಾನು. ಅವಳು ಮೀನು ಹಿಡಿಯಲು ಬರುವ ಅತಿಥಿಗಳನ್ನು ನದಿಗೆ ಕರೆದೊಯ್ಯುತ್ತಾಳೆ, ನಾನು ಗಾಡಿ ಓಡಿಸಿ ಊಟ ಕಟ್ಟಿಕೊಡುತ್ತೇನೆ. ನಮ್ಮ ಕಡೆ ವಸಂತ ನವೆಂಬರಿನಲ್ಲಿ. ಅದು ಬಂದು ಮೀನಿನ ಕಾಲ ತೆರೆದರೆ ಲಾನಿನ್ ಪರ್ವತದ ಹಿಮ ಕರಗಿ ನೀರೆಲ್ಲ ಕೆಳಗಿಳಿಯುತ್ತದೆ. ಆ ನೀರಿನಲ್ಲಿ ಒಂದು ಹೆಜ್ಜೆ ತಪ್ಪಿದರೂ ಸಾಕು. ಡಾಕ್ಟರ ಬಳಿ ಹೋಗೋಣವೆಂದು ಎರಡು ಸಲ ಹೇಳಿ ನೋಡಿದ್ದೆ. "ನನ್ನ ಕಣ್ಣಿಗೇನಾಗಿದೆ? ನಿನ್ನ ಮುಖದಲ್ಲಿರೋ ಚಿಂತೆಯೆಲ್ಲಾ ಕಾಣ್ತಿದೆ," ಎಂದು ಬಾಯಿ ಮುಚ್ಚಿಸಿದ್ದಳು.

ಆದ್ದರಿಂದ ಆ ದಿನ ನಾನು ಒಂದು ನಿರ್ಧಾರ ಮಾಡಿಕೊಂಡೇ ಹೊರಟಿದ್ದೆ. ನದಿಯಲ್ಲಿ ಅವಳು ಒಂದೇ ಒಂದು ಹೆಜ್ಜೆ ಕಾಣದೆ ಇಟ್ಟರೂ ಸಂಜೆ ಮಾರ್ಗದರ್ಶಿಗಳ ಸಂಘದ ಕಚೇರಿಗೆ ಹೋಗಿ ಹೇಳಿಬಿಡುವುದು. ಅವರು ಅವಳ ಪರವಾನಗಿ ಬಿಲ್ಲೆ ವಾಪಸು ಪಡೆಯುತ್ತಾರೆ. ಅವಳು ಬದುಕಿ ಉಳಿಯುತ್ತಾಳೆ, ನನ್ನ ಜೊತೆ ಮಾತು ಬಿಡುತ್ತಾಳೆ. ಅಲ್ಲಿ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿ, ಕಟುವಾದ ಪದಗಳನ್ನು ತೆಗೆದು, ಮತ್ತೆ ಜೋಡಿಸಿಟ್ಟುಕೊಂಡಿದ್ದೆ.

ದೋನ್ ಎವಾರಿಸ್ತೊ ಎಂಬ ದಪ್ಪನೆಯ ಮನುಷ್ಯ ಆ ವರ್ಷದ ಮೊದಲ ಅತಿಥಿ. ರೊಸಾರಿಯೊದಲ್ಲಿ ನೋಟರಿಯಾಗಿ ನಿವೃತ್ತರಾದವರು, ಪ್ರತಿ ವಸಂತಕ್ಕೂ ತಪ್ಪದೆ ಬರುವವರು. ಊರಿನ ಅಂಚಿನಲ್ಲಿ ತೊರಿಬಿಯೊನ ಗಾಳದ ಸಾಮಾನಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡೆವು. ತೊರೆಯ ದಾರಿಯಲ್ಲಿ ಬಿಸಿನೀರು ಸಿಗುವುದು ಅಲ್ಲೊಂದೇ ಕಡೆ, ಇಲ್ಲದಿದ್ದರೆ ಅಕ್ಕ ಆ ಹೊಸ್ತಿಲು ತುಳಿಯುತ್ತಿರಲಿಲ್ಲ.

"ಬಂದ್ರಪ್ಪಾ ತೊರೆಯ ಮಹಾರಾಣಿ," ಎಂದ ತೊರಿಬಿಯೊ ನೀರು ಹೊಯ್ಯುತ್ತ. "ದೋನ್ ಎವಾರಿಸ್ತೊ, ಎಲ್ಲಿ ಕಾಲಿಡ್ತೀರಿ ಅಂತ ನೋಡ್ಕೊಂಡು ಇಡಿ. ಇವಳ ಜೊತೆ ಹೋಗೋದಂದ್ರೆ ಪಾದ್ರಿ ಮುಂದೆ ಕುಣಿದ ಹಾಗೆ."

"ನೀರು ಹಾಕು. ಮಾತು ಯಾರೂ ಕೇಳಿಲ್ಲ," ಎಂದಳು ಅಕ್ಕ.

ತೊರಿಬಿಯೊ ಒಂದು ಕಾಲದಲ್ಲಿ ಅವಳ ಹಾಗೆಯೇ ಮಾರ್ಗದರ್ಶಿಯಾಗಿದ್ದ. ವಸಂತದಲ್ಲಿ ಕಾಮನಬಿಲ್ಲಿನ ಬಣ್ಣದ ಟ್ರೌಟ್‌ಗಳು ತೊರೆ ಹತ್ತಿ ಬಂದು ಬಾಲದಿಂದ ಜಲ್ಲಿಕಲ್ಲನ್ನು ಗುಡಿಸಿ, ಕುಳಿ ಮಾಡಿ ಮೊಟ್ಟೆಯಿಟ್ಟು ಮುಚ್ಚುತ್ತವೆ. ಪಾಚಿ ಹಿಡಿದ ಕಪ್ಪು ತಳದ ನಡುವೆ ಆ ಜಾಗ ಒಗೆದ ಬಟ್ಟೆಯಂತೆ ಬೆಳ್ಳಗೆ ಕಾಣುತ್ತದೆ. ನಾವು ಅದಕ್ಕೆ ಹಾಸಿಗೆ ಅನ್ನುತ್ತೇವೆ. ಹಾಸಿಗೆ ತುಳಿಯಬಾರದು. ಹಿಡಿದ ಮೀನನ್ನು ನೀರಿಗೆ ವಾಪಸು ಬಿಡುವುದನ್ನು ಮರೆತವನನ್ನಾದರೂ ಜನ ಕ್ಷಮಿಸಿಯಾರು, ಹಾಸಿಗೆ ತುಳಿದವನನ್ನು ಕ್ಷಮಿಸುವುದಿಲ್ಲ. ತೊರಿಬಿಯೊ ಒಮ್ಮೆ ಆತುರದಲ್ಲಿ ತುಳಿದ. ಅಕ್ಕ ನೋಡಿದಳು. ಸಂಘದ ಔತಣದಲ್ಲಿ, ಕುರಿ ಸುಡುತ್ತಿದ್ದ ಬೆಂಕಿಯ ಸುತ್ತ ಎಲ್ಲರೂ ಕೂತಿದ್ದಾಗ ಎದ್ದು ನಿಂತು, "ಹಾಸಿಗೆ ಯಾವುದು, ನೆಲ ಯಾವುದು ಅಂತ ಗೊತ್ತಾಗದವನು ಹೋಗಿ ಟ್ಯಾಕ್ಸಿ ಓಡಿಸಲಿ," ಎಂದಳು. ಜನ ನಕ್ಕರು. ಆಮೇಲೆ ಅತಿಥಿಗಳು ಅವನನ್ನು ಕೇಳುವುದೇ ನಿಂತಿತು. ಅವನು ಗಾಳದ ಕೋಲನ್ನು ಗೋಡೆಗೆ ನೇತುಹಾಕಿ ಅಂಗಡಿ ತೆರೆದ.

ಎಸ್ಪುಯೇಲಾ ತೊರೆ ತಲುಪಿದಾಗ ಗಾಳಿ ಸ್ವಲ್ಪ ತಗ್ಗಿತ್ತು. ವಿಲೋ ಮರಗಳು ಆಗಷ್ಟೇ ಚಿಗುರುತ್ತಿದ್ದವು. ಅಕ್ಕ ಗಾಳದ ಕೋಲಿನ ತುದಿಯನ್ನು ನನ್ನತ್ತ ಚಾಚಿ, "ಕೈ ಮರಗಟ್ಟಿದೆ, ಹುಳ ನೀನೇ ಕಟ್ಟು," ಎಂದಳು. ಬಿಸಿಲಿಗೆ ನನ್ನ ಕೈ ಬೆವೆತಿತ್ತು. ಕಟ್ಟಿಕೊಟ್ಟೆ.

ಅವಳು ಮುಂದೆ, ಅವಳ ಊರುಗೋಲಿನ ಹಿಂತುದಿ ಹಿಡಿದು ದೋನ್ ಎವಾರಿಸ್ತೊ ಹಿಂದೆ, ಮೊಣಕಾಲುದ್ದದ ನೀರಿಗೆ ಇಳಿದರು. ನಾನು ಊಟದ ಚೀಲ ಹಿಡಿದು ದಂಡೆಯ ಮೇಲೆ ಅವರ ಸಮಕ್ಕೇ ನಡೆದೆ. ಎದುರು ದಡದ ಕಪ್ಪು ಬಂಡೆಯ ಬುಡದಲ್ಲಿ ಒಂದು ಮೀನು ಆಗಾಗ ಮೂತಿ ಎತ್ತಿ ಹುಳು ನುಂಗುತ್ತಿತ್ತು. ಅಕ್ಕನಿಗೆ ಅದರ ಸದ್ದು ಕೇಳಿಸಿರಬೇಕು, ಸರಿಯಾಗಿ ಅತ್ತಲೇ ಹೊರಟಿದ್ದಳು.

"ಇವತ್ತು ಹಿಡಿದ್ರೆ ಹೆಂಡತಿಗೆ ಫೋಟೊ ಕಳಿಸ್ತೀನಿ," ಎಂದರು ದೋನ್ ಎವಾರಿಸ್ತೊ. "ಪ್ರತಿ ವರ್ಷ ಇಲ್ಲಿಗೆ ಬರೋದು ಯಾವಳನ್ನೋ ನೋಡೋಕೆ ಅಂತ ಅವಳ ಅನುಮಾನ."

"ಫೋಟೊದಲ್ಲಿ ನಾನಿರೋದಿಲ್ಲ ಹಾಗಾದ್ರೆ," ಎಂದಳು ಅಕ್ಕ.

ಆಗ ನನಗೆ ಹಾಸಿಗೆ ಕಂಡಿತು. ಅವಳಿಂದ ನಾಲ್ಕೈದು ಹೆಜ್ಜೆ ಮುಂದೆ, ನಮ್ಮ ಊಟದ ಮೇಜಿನಷ್ಟು ಅಗಲದ ಬೆಳ್ಳನೆಯ ಜಲ್ಲಿ. ಅದರ ಮೇಲೆ ತಾಯಿಮೀನು ಅಲ್ಲೇ ತೂಗುತ್ತ ನಿಂತಿತ್ತು, ಜಲ್ಲಿ ಗುಡಿಸಿ ಗುಡಿಸಿ ಬಾಲದ ಅಂಚು ಸವೆದು ಬಿಳುಪಾಗಿತ್ತು. ಇಂಥ ಕಡೆ ಅಕ್ಕ ಮಾತಾಡುವುದಿಲ್ಲ, ಎಡಗೈ ಎತ್ತಿ ಅಂಗೈ ತೋರಿಸುತ್ತಾಳೆ, ಹಿಂದಿದ್ದವರು ನಿಲ್ಲುತ್ತಾರೆ. ಆ ಕೈಗಾಗಿ ಕಾದೆ. ಕೈ ಮೇಲೇಳಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು. ಕೂಗಬೇಕು ಅಂದುಕೊಂಡೆ. ಕೂಗಿದರೆ ದೋನ್ ಎವಾರಿಸ್ತೊಗೆ ಗೊತ್ತಾಗುತ್ತದೆ, ಅವರಿಗೆ ಗೊತ್ತಾದರೆ ಊರಿಗೇ ಗೊತ್ತಾಗುತ್ತದೆ. ಇದನ್ನೆಲ್ಲ ನಾನು ತೂಗಿ ನೋಡುತ್ತಿರುವಾಗಲೇ ಅವಳ ಬೂಟು ಹಾಸಿಗೆಯ ನಟ್ಟನಡುವೆ ಇಳಿಯಿತು.

ತಾಯಿಮೀನು ಬಾಣದಂತೆ ಹೋಯಿತು. ಅಕ್ಕ ಗಕ್ಕನೆ ನಿಂತಳು.

ಅವಳು ಏನನ್ನೂ ನೋಡಿರಲಿಲ್ಲ. ಆದರೆ ಗುಡಿಸಿದ ಜಲ್ಲಿ ಸಡಿಲವಾಗಿರುತ್ತದೆ, ತುಳಿದ ಕಾಲು ಮೆತ್ತಗೆ ಒಳಗಿಳಿಯುತ್ತದೆ. ಅವಳ ಪಾದಕ್ಕೆ ಅದು ತಿಳಿಯದೆ ಇರುತ್ತದೆಯೇ? ಮುಂದಿಡಲಾಗದೆ, ಹಿಂದೆ ತೆಗೆಯಲಾಗದೆ, ಇನ್ನೊಂದು ಕಾಲನ್ನು ಅರ್ಧ ಎತ್ತಿಕೊಂಡು ನಿಂತುಬಿಟ್ಟಳು. ನೀರಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಮಣಿಗಳಂಥ ಮೊಟ್ಟೆಗಳು ಎದ್ದು, ಉರುಳಿ, ನನ್ನ ದಂಡೆಯ ಪಕ್ಕದಲ್ಲೇ ಹರಿದುಹೋದವು.

"ಏನಾಯ್ತು? ದೊಡ್ಡದು ಕಾಣಿಸ್ತಾ?" ಎಂದು ದೋನ್ ಎವಾರಿಸ್ತೊ ಪಿಸುಗುಟ್ಟಿದರು.

"ಇಲ್ಲ. ಹಿಂದಕ್ಕೆ ಹೋಗಿ. ನೀವು ಬಂದ ಹೆಜ್ಜೆಯಲ್ಲೇ ಹಿಂದಕ್ಕೆ."

"ಮೀನು ಅಲ್ಲೇ ಇದೆಯಲ್ರೀ!"

"ದೋನ್ ಎವಾರಿಸ್ತೊ, ದಯವಿಟ್ಟು."

ಆ ದನಿ ಕೇಳಿ ಅವರು ಹಿಂದಕ್ಕೆ ಹೆಜ್ಜೆ ಇಡತೊಡಗಿದರು. ಅವರನ್ನು ದಂಡೆ ಹತ್ತಿಸಿ, ಕೆಳಗಿನ ಮಡುವಿನಲ್ಲಿ ದಡದ ಮೇಲಿಂದಲೇ ಗಾಳ ಬೀಸುತ್ತಿರಲು ಹೇಳಿ ಕಳಿಸಿದಳು. ನನ್ನ ಪಕ್ಕದ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದಳು. ಒಳಗಿನ ನೀರು ಸುರಿದುಹೋದ ಮೇಲೂ ಬಹಳ ಹೊತ್ತು ಬೂಟನ್ನು ತಲೆಕೆಳಗಾಗಿಯೇ ಹಿಡಿದಿದ್ದಳು.

"ನೋಡಿದೆಯಾ?"

"ನೋಡಿದೆ."

"ದೊಡ್ಡದಾ?"

"ಮೇಜಿನಷ್ಟಿತ್ತು."

"ಮೀನಿತ್ತಾ ಮೇಲೆ?"

ಸುಳ್ಳು ಹೇಳಬಹುದಿತ್ತು. "ಇತ್ತು," ಎಂದೆ.

"ಕೂಗೋದಲ್ವೇನೇ ಇರ್ಮಾ."

"ಕೂಗಬೇಕಿತ್ತು."

"ನೀನೆಲ್ಲಿ ಕೂಗ್ತೀಯ? ಮನೆಗೆ ಬೆಂಕಿ ಬಿದ್ರೂ ಸರಿಯಾದ ಪದ ಹುಡುಕ್ತಾ ಕೂತಿರ್ತೀಯ." ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಯಾವಾಗಿಂದ ಗೊತ್ತು ನಿನಗೆ?"

"ಚಳಿಗಾಲದಿಂದ. ನಿನಗೆ?"

"ಅದಕ್ಕಿಂತ ಮುಂಚೆಯಿಂದ. ನಡುವೆ ಏನೋ ಮಂಜು ಕೂತ ಹಾಗೆ. ಅಂಚಿನಲ್ಲಿ ಕಾಣುತ್ತೆ, ನೇರ ನೋಡಿದ್ರೆ ಮಾಯ. ಸುಸ್ತಾಗಿದೆ ಕಣೇ. ಕಾಣುತ್ತೆ ಕಾಣುತ್ತೆ ಅಂತ ದಿನಾ ನಟಿಸಿ ಸುಸ್ತಾಗಿದೆ."

ನನಗೂ ಅಷ್ಟೇ ಸುಸ್ತಾಗಿತ್ತು. ಅವಳ ಒದ್ದೆ ಕಾಲುಚೀಲವನ್ನು ಹಿಂಡಿ ಕಲ್ಲಿನ ಮೇಲೆ ಹರಡಿದೆ. ಕೆಳಗಿನಿಂದ ದೋನ್ ಎವಾರಿಸ್ತೊ, "ಸಿಕ್ತು! ಸಿಕ್ತು! ಥೂ, ಮರ!" ಎಂದು ಕೂಗುತ್ತಿದ್ದರು.

"ಇನ್ನು ನೀರಿಗಿಳಿಯಲ್ಲ ನಾನು," ಎಂದಳು ಅಕ್ಕ. "ಆದರೆ ಮೊದಲು ತೊರಿಬಿಯೊಗೆ ಹೇಳಬೇಕು."

"ಅವನಿಗಾ? ಅವನು ಊರಿಗೆಲ್ಲಾ ಸಾರಿಬಿಡ್ತಾನೆ."

"ಸಾರಲಿ. ಅದು ಅವನಿಗೆ ಸಲ್ಲಬೇಕಾದ್ದು."

ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ದೋನ್ ಎವಾರಿಸ್ತೊ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಅಕ್ಕ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ಅವಳು ನನ್ನ ತೋಳು ಹಿಡಿದದ್ದು ಅದೇ ಮೊದಲು.

"ಇಷ್ಟು ಬೇಗ ಬಂದ್ರಾ?" ಎಂದ ತೊರಿಬಿಯೊ. "ತೊರೆಯ ಮೀನೆಲ್ಲಾ ಎದ್ದು ನಿಂತು ನಮಸ್ಕಾರ ಹೇಳಿ ಹೋದ್ವಾ ಮಹಾರಾಣೀ?"

"ತೊರಿಬಿಯೊ, ನಾನು ಇವತ್ತು ಹಾಸಿಗೆ ತುಳಿದೆ. ಎಸ್ಪುಯೇಲಾದಲ್ಲಿ, ಕಪ್ಪು ಬಂಡೆಯ ಹತ್ತಿರ. ಮೇಲೆ ಮೀನಿತ್ತು."

ಅವನ ಮುಖದಲ್ಲಿ ನಗು ಬರುವುದನ್ನು ನಾನು ನೋಡುತ್ತಿದ್ದೆ. ಅದು ಬಂತು, ಆದರೆ ಪೂರ್ತಿ ಬರಲಿಲ್ಲ.

"ಆತುರದಲ್ಲಾ?"

"ಕಾಣದೆ."

ಅವನು ಬೆಳಿಗ್ಗೆ ನಾವು ಮರೆತುಹೋಗಿದ್ದ ಫ್ಲಾಸ್ಕಿನ ಮುಚ್ಚಳವನ್ನು ತೆಗೆದು ಅವಳ ಮುಂದೆ ಕಟ್ಟೆಯ ಮೇಲೆ ಸದ್ದಾಗದಂತೆ ಇಟ್ಟ. "ನಿನ್ನ ಮುಚ್ಚಳ, ತಗೋ," ಎಂದ. ಅಕ್ಕನ ಕೈ ಎಡಕ್ಕೆ ಹೋಯಿತು, ಕಟ್ಟೆಯನ್ನು ಸವರಿತು, ಬಲಕ್ಕೆ ಬಂತು. ರಾತ್ರಿ ಕೇಳಿದ ಅದೇ ಸದ್ದು. ನಾನು ಮುಂದಾಗುವಷ್ಟರಲ್ಲಿ ಅವನೇ ಮುಚ್ಚಳವನ್ನು ಮೆಲ್ಲನೆ ಅವಳ ಬೆರಳ ಕೆಳಕ್ಕೆ ಸರಿಸಿದ.

"ಔತಣದಲ್ಲಿ ನೀನಾಡಿದ ಮಾತೆಲ್ಲಾ ನನಗೆ ಬಾಯಿಪಾಠ," ಎಂದ.

"ಗೊತ್ತು. ಈಗ ನಿನ್ನ ಸರದಿ. ಎಲ್ಲರ ಮುಂದೆ ಹೇಳು, ನಾನು ಬಂದು ಕೂತು ಕೇಳ್ತೀನಿ."

ಆಗ ದೋನ್ ಎವಾರಿಸ್ತೊ ಕಣ್ಣುಜ್ಜಿಕೊಳ್ಳುತ್ತ ಒಳಗೆ ಬಂದರು. "ಏನ್ರೀ ಇದು, ಅರ್ಧ ದಿನಕ್ಕೇ ವಾಪಸು ಕರಕೊಂಡು ಬಂದ್ರಿ, ಕಾರಣ ಕೇಳಿದ್ರೆ ಇಬ್ಬರೂ ಬಾಯಿಬಿಡಲ್ಲ. ನನ್ನಿಂದೇನಾದ್ರೂ ತಪ್ಪಾಯ್ತಾ?"

ಅಕ್ಕ ಬಾಯಿ ತೆರೆದಳು.

"ಮಂಡಿ ನೋವು," ಎಂದುಬಿಟ್ಟ ತೊರಿಬಿಯೊ. "ಬೆಳಿಗ್ಗೆಯೇ ಕುಂಟ್ತಾ ಇದ್ಲು, ನೀವು ನೋಡಲಿಲ್ವಾ? ಹೇಳಿಕೊಳ್ಳೋಕೆ ಹಮ್ಮು. ನಾಳೆಯಿಂದ ನಿಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ."

"ನೀನಾ? ನಿನ್ನ ಕೋಲಿಗೆ ಹುಳ ಹಿಡಿದಿರಬೇಕು," ಎಂದರು ದೋನ್ ಎವಾರಿಸ್ತೊ.

"ಹುಳ ಇರೋ ಕೋಲಿಗೇ ಮೀನು ಬರೋದು. ಹೋಗಿ, ಗಾಡೀಲಿ ಕೂತ್ಕೊಳ್ಳಿ."

ಅವರು ನಗುತ್ತ ಹೊರಗೆ ಹೋದರು.

"ಯಾಕೆ?" ಎಂದಳು ಅಕ್ಕ.

"ಯಾಕೋ. ಈ ದಿನ ಬರಲಿ ಅಂತ ಎಷ್ಟು ಸಲ ಅಂದ್ಕೊಂಡಿದ್ದೆ. ಬಂದ ಮೇಲೆ ಏನೂ ರುಚಿ ಇಲ್ಲ." ಅವನು ಕಟ್ಟೆ ಒರೆಸತೊಡಗಿದ. "ನಿನ್ನನ್ನ ಕ್ಷಮಿಸಿದೆ ಅಂತೇನಲ್ಲ, ತಿಳ್ಕೋ. ಮಂಡಿ ಅಂತಲೇ ಇರಲಿ. ನಾನು ಯಾರಿಗೂ ಹೇಳಲ್ಲ. ಆ ಬಂಡೆ ಹತ್ರ ಹಾಸಿಗೆ ಇನ್ನೂ ಯಾವ್ಯಾವ ಕಡೆ ಇರುತ್ತೆ ಅಂತ ನಾಳೆ ಬಂದು ಕೇಳ್ಕೊಂಡು ಹೋಗ್ತೀನಿ."

ವಾಪಸು ಊರೊಳಗೆ ಬರುವ ದಾರಿಯಲ್ಲಿ ಸಂಘದ ಕಚೇರಿ ಸಿಗುತ್ತದೆ. ಬಾಗಿಲು ತೆರೆದಿತ್ತು, ಒಳಗೆ ಯಾರೋ ಕೂತಿದ್ದರು. ಬೆಳಿಗ್ಗೆ ಜೋಡಿಸಿಟ್ಟುಕೊಂಡ ವಾಕ್ಯಗಳು ಹಾಗೇ ಇದ್ದವು, ಒಂದು ಪದವೂ ಮರೆತಿರಲಿಲ್ಲ. ನಾನು ಗಾಡಿಯ ವೇಗ ತಗ್ಗಿಸಲಿಲ್ಲ.

ಅಕ್ಕ ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ಸ್ವಲ್ಪ ದೂರ ಬಂದ ಮೇಲೆ, ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ, "ಕಚೇರಿ ದಾಟಿತಾ?" ಎಂದಳು.

ಅವಳಿಗೆ ಅದೂ ಗೊತ್ತಿತ್ತು.

"ದಾಟಿತು," ಎಂದೆ. ಯಾರಿಗೂ ಹೇಳುವುದಿಲ್ಲವೆಂದು ಅಷ್ಟರಲ್ಲಿ ನಿಶ್ಚಯಿಸಿಕೊಂಡಿದ್ದೆ.